ಡಂಕನ್ ಗ್ರಾಂಟನ ಕಲೆ: ಕಾಗದ ಮತ್ತು ಮರ

ಚಿತ್ರಕಲೆಯನ್ನು ಸಂಸ್ಕೃತಿಯ ಅಧ್ಯಾಯದಲ್ಲಿಯೂ, ಮೇಜು ಪೆಟ್ಟಿಗೆಗಳನ್ನು ಮಾಡುವ ಕಸುಬನ್ನು ಆರ್ಥಿಕ ಜೀವನದ ಅಧ್ಯಾಯದಲ್ಲಿಯೂ ಇರಿಸಿ ಬೋಧಿಸುವುದು ಇತಿಹಾಸದ ಅಧ್ಯಾಪಕರಾದ ನಮ್ಮಲ್ಲಿ ವಾಡಿಕೆ. ಈ ವಿಂಗಡಣೆಗೆ ಸುಲಭವಾಗಿ ಒಳಪಡದ ಕಲಾವಿದನೆಂದರೆ ಇಂಗ್ಲೆಂಡಿನ ಡಂಕನ್ ಗ್ರಾಂಟ್ (1885–1978). ಜಲವರ್ಣ, ಬಣ್ಣದ ಕಾಗದಗಳನ್ನು ಕತ್ತರಿಸಿ ಅಂಟಿಸುವ ಕೊಲಾಜ್, ಪೀಠೋಪಕರಣಗಳ ಮೇಲಿನ ವರ್ಣಲೇಖನ, ಈ ಮೂರರಲ್ಲಿಯೂ ಅವನು ಕೈಯಾಡಿಸಿದನು. ಇವುಗಳಲ್ಲಿ ಕಾಗದದ ಕೆಲಸವನ್ನು ಗಂಭೀರವೆಂದೂ ಮರದ ಕೆಲಸವನ್ನು ಬಿಡುವಿನ ವಿನೋದವೆಂದೂ ಎಣಿಸುವವರು ಅನೇಕರಿದ್ದಾರೆ. ಈ ತೀರ್ಮಾನವು ಎಷ್ಟರ ಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗ್ರಾಂಟನು ಹುಟ್ಟಿದ್ದು ಸ್ಕಾಟ್ಲೆಂಡಿನಲ್ಲಿ. ತಂದೆ ಸೈನ್ಯಾಧಿಕಾರಿಯಾಗಿದ್ದುದರಿಂದ 1893ರ ವರೆಗಿನ ಬಾಲ್ಯವು ಭಾರತದಲ್ಲಿಯೂ ಬರ್ಮಾದಲ್ಲಿಯೂ ಕಳೆಯಿತು. ಅವನ ಬಣ್ಣಗಳ ಉಜ್ಜ್ವಲತೆಗೆ ಈ ದೇಶದ ಬಿಸಿಲೇ ಕಾರಣವೆಂದು ಹೇಳಿಬಿಡುವ ಆಸೆ ನಮ್ಮ ವಿದ್ಯಾರ್ಥಿಗಳಿಗೆ ಹುಟ್ಟುವುದು ಸಹಜ. ಆದರೆ ಬಾಲ್ಯದ ವಾಸವು ಪ್ರಭಾವಕ್ಕೆ ಅವಕಾಶವೇ ಹೊರತು ಪ್ರಮಾಣವಲ್ಲ. ಇದಕ್ಕಿಂತ ದೃಢವಾದ ಆಧಾರವುಳ್ಳದ್ದು ರೋಜರ್ ಫ್ರೈಯ ಸಂಬಂಧ. 1910ರಲ್ಲಿಯೂ 1912ರಲ್ಲಿಯೂ ಫ್ರೈ ಲಂಡನ್ನಿನಲ್ಲಿ ಏರ್ಪಡಿಸಿದ ಪ್ರದರ್ಶನಗಳು ಸೆಜಾನ್, ಮಾತೀಸ್ ಮೊದಲಾದವರ ಕೃತಿಗಳನ್ನು ಆಂಗ್ಲರ ಕಣ್ಣೆದುರಿಗಿಟ್ಟವು. 1913ರ ಜುಲೈ ತಿಂಗಳಲ್ಲಿ ಅವನು ಫಿಟ್ಸ್‌ರಾಯ್ ಚೌಕದ 33ನೆಯ ಮನೆಯಲ್ಲಿ ‘ಒಮೆಗಾ’ ಕಾರ್ಯಾಗಾರವನ್ನು ತೆರೆದನು. ವನೆಸ್ಸಾ ಬೆಲ್ ಎಂಬ ಚಿತ್ರಕರ್ತ್ರಿಯೂ ಗ್ರಾಂಟನೂ ಅದರ ಸಹನಿರ್ದೇಶಕರು. ಅಲ್ಲಿಯ ವಸ್ತುಗಳ ಮೇಲೆ ಕಲಾವಿದನ ಹೆಸರಿಗೆ ಬದಲಾಗಿ ಆ ಗ್ರೀಕ್ ಅಕ್ಷರವೊಂದೇ ಇರುತ್ತಿತ್ತು. ಚಿತ್ರಗಳನ್ನು ಮಾರಿ ಬದುಕಲಾರದ ತರುಣರಿಗೆ ವಾರಕ್ಕೆ 30 ಷಿಲಿಂಗು ದೊರೆಯುತ್ತಿತ್ತು. ಹೀಗೆ ಅದು ಒಂದು ಕಲಾಪಂಥದ ನೆಲೆಯಾಗಿದ್ದಂತೆಯೇ ಕೂಲಿ ಕೊಡುವ ಸಂಸ್ಥೆಯೂ ಆಗಿತ್ತು.

ಒಮೆಗಾದ ಜಮಖಾನೆ, ಪರದೆ, ಮೇಜುಗಳ ವಿನ್ಯಾಸಗಳು ಮೊದಲು ಕಾಗದದ ಮೇಲೆ, ಬಹುಮಟ್ಟಿಗೆ ನೀರಿನಲ್ಲಿ ಕಲಸಿದ ಬಣ್ಣಗಳಿಂದ, ರೂಪುಗೊಂಡವು. 1958ರಲ್ಲಿ ಫ್ರೈಯ ಮಗಳು ಪಮೇಲಾ ಡೈಮಂಡ್ ಇಂತಹ ವಿನ್ಯಾಸಗಳ ಸಂಗ್ರಹವೊಂದನ್ನು ಲಂಡನ್ನಿನ ಕೋರ್ಟಾಲ್ಡ್ ಸಂಸ್ಥೆಗೆ ದಾನಮಾಡಿದಳು. ಜಲವರ್ಣದ ಸ್ವಭಾವವನ್ನು ಇಲ್ಲಿ ನೆನೆಯಬೇಕು. ಅದು ಬೇಗನೆ ಒಣಗುವಂಥದು. ಒಮ್ಮೆ ಹಚ್ಚಿದ ಬಣ್ಣವನ್ನು ಬಹಳವಾಗಿ ತಿದ್ದುವುದಕ್ಕೆ ಎಡೆಯಿಲ್ಲ. ಕುಂಚದ ಓಟವು ಹಾಗೆಯೇ ಉಳಿಯುತ್ತದೆ. ಗ್ರಾಂಟನು ಮರಕ್ಕೆ ಬಣ್ಣ ಬಳಿದಾಗಲೂ ಈ ಅಭ್ಯಾಸವನ್ನು ಬಿಡಲಿಲ್ಲವೆಂಬುದು ನಮ್ಮ ಅಭಿಪ್ರಾಯ. ಬಡಗಿಯು ಬಯಸುವ ನುಣುಪನ್ನು ಅವನು ಬಯಸಲಿಲ್ಲ.

ಕೊಲಾಜಿನ ಕಥೆಯೂ ಮನೆಯ ಸಾಮಗ್ರಿಯಿಂದ ದೂರವಾದುದಲ್ಲ. 1912ರಲ್ಲಿ ಪಿಕಾಸೋ ಕುರ್ಚಿಯ ಬೆತ್ತದ ಹೆಣಿಗೆಯನ್ನು ಮುದ್ರಿಸಿದ ಮೇಣಗಪ್ಪಟವನ್ನೇ ಚಿತ್ರದಲ್ಲಿ ಅಂಟಿಸಿದ್ದನು. 1914ರಲ್ಲಿ ಗ್ರಾಂಟನು ರಚಿಸಿದ, ಈಗ ಟೇಟ್ ಸಂಗ್ರಹಾಲಯದಲ್ಲಿರುವ, ಚಿತ್ರವೊಂದರ ವಸ್ತುವು ಬೆಲ್ ವಾಸವಾಗಿದ್ದ ಮನೆಯ ಅಗ್ಗಿಷ್ಟಿಕೆಯ ಮೇಲಣ ಹಲಗೆ. ತೈಲವರ್ಣದ ಜೊತೆಗೆ ಅಂಟಿಸಿದ ಕಾಗದವೂ ಅದರಲ್ಲಿದೆ. ಅದೇ ವರ್ಷ ಅವನು ಸುಮಾರು 28 ಸೆಂಟಿಮೀಟರ್ ಎತ್ತರದ, ನಾಲ್ಕೂವರೆ ಮೀಟರ್ ಉದ್ದದ ಸುರುಳಿಯೊಂದನ್ನು ಆರಂಭಿಸಿ, ಬಣ್ಣ ಬಳಿದ ಕಾಗದದ ಚೌಕಗಳನ್ನು ಅದರ ಮೇಲೆ ಅಂಟಿಸಿದನು. ಬಾಖ್‌ನ ಸಂಗೀತ ನಡೆಯುತ್ತಿರುವಾಗ ಸುರುಳಿಯು ಒಂದು ಕಿಂಡಿಯ ಹಿಂದೆ ಮೆಲ್ಲಮೆಲ್ಲನೆ ಸರಿಯಬೇಕೆಂಬುದು ಅವನ ಸಂಕಲ್ಪವಾಗಿತ್ತು. 1915ರಲ್ಲಿ ಅದನ್ನು ಕಂಡ ಡಿ. ಎಚ್. ಲಾರೆನ್ಸನು ಮೆಚ್ಚಲಿಲ್ಲ. 1973ರಲ್ಲಿ ಟೇಟ್ ಸಂಗ್ರಹಾಲಯವು ಸುರುಳಿಯನ್ನು ಕೊಂಡಿತು. 1974ರ ಚಲನಚಿತ್ರವೊಂದರಲ್ಲಿ ಅದರ ಚಲನೆ ಸಂಗೀತದೊಡನೆ ಕೂಡಿತು.

ಈ ಸಾಹಸದ ಬಳಿಕ ಗ್ರಾಂಟನು ಶುದ್ಧ ಅಮೂರ್ತ ಕಲೆಯನ್ನು ಮುಂದುವರಿಸಲಿಲ್ಲ. ವಿಮರ್ಶಕರು ಇದನ್ನು ಹಿಮ್ಮೆಟ್ಟುವಿಕೆಯೆಂದು ಬಗೆಯುವುದುಂಟು. ಚೌಕಟ್ಟಿನೊಳಗಣ ಚಿತ್ರಗಳನ್ನಷ್ಟೇ ನೋಡಿದರೆ ಆ ಮಾತು ಸರಿ. ಆದರೆ ಸುರುಳಿಯ ಮೂಲ ಕಲ್ಪನೆಯೇನು? ಬಣ್ಣಗಳು ಒಮ್ಮೆಗೇ ಕಾಣಿಸದೆ ಒಂದಾದಮೇಲೊಂದರಂತೆ ಕಣ್ಣಿಗೆ ಬೀಳಬೇಕೆಂಬುದು. ಬಾಗಿಲಿನಿಂದ ಅಗ್ಗಿಷ್ಟಿಕೆಗೆ, ಅಲ್ಲಿಂದ ಮೇಜಿಗೆ, ಮೇಜಿನಿಂದ ಮಂಚಕ್ಕೆ ನಡೆದುಹೋಗುವವನಿಗೆ ಬಣ್ಣ ಬಳಿದ ಮನೆಯು ಕೊಡುವ ಅನುಭವವೂ ಇದೇ ಅಲ್ಲವೆ? ಅಲ್ಲಿ ಸುರುಳಿ ಸರಿಯುತ್ತದೆ; ಇಲ್ಲಿ ನೋಡುವವನು ಸರಿಯುತ್ತಾನೆ.

ಆ ಮನೆಯು ಸಸೆಕ್ಸಿನ ಚಾರ್ಲ್‌ಸ್ಟನ್. ಗ್ರಾಂಟನು ಅಲ್ಲಿಗೆ ಹೋದುದು ಸೌಂದರ್ಯವನ್ನು ಅರಸಿಕೊಂಡಲ್ಲ. 1916ರಲ್ಲಿ ಬ್ರಿಟನ್ನಿನಲ್ಲಿ ಕಡ್ಡಾಯ ಸೈನ್ಯಸೇವೆ ಜಾರಿಗೆ ಬಂದಾಗ ಅವನೂ ಅವನ ಮಿತ್ರ ಡೇವಿಡ್ ಗಾರ್ನೆಟ್ಟನೂ ಅಂತಃಸಾಕ್ಷಿಯ ಕಾರಣದಿಂದ ಯುದ್ಧವನ್ನು ನಿರಾಕರಿಸಿ, ಅದಕ್ಕೆ ಬದಲು ಹೊಲದ ಕೆಲಸವನ್ನು ಒಪ್ಪಿಕೊಂಡರು. ಅದಕ್ಕೆ ಅನುಕೂಲವಾಗಲೆಂದು ಬೆಲ್ ಈ ಮನೆಯನ್ನು ಬಾಡಿಗೆಗೆ ಹಿಡಿದಳು. ಸೌದೆಯ ಪೆಟ್ಟಿಗೆಯ ಮೇಲೆ ಗ್ರಾಂಟನು ದೇವದೂತರನ್ನು ಬರೆದನು. ಬೆಲ್ಲಳ ಮಂಚದ ತಲೆಹಲಗೆಯ ಮೇಲೆ ಸ್ವಪ್ನದ ದೇವತೆಯಾದ ಮಾರ್ಫಿಯಸನನ್ನು ಚಿತ್ರಿಸಿದನು. 1961ರಲ್ಲಿ ಬೆಲ್ ತೀರಿಕೊಂಡ ಮೇಲೂ ಮನೆಯು ಅವನ ಕೈಬಿಡಲಿಲ್ಲ. ಅರುವತ್ತು ವರ್ಷಗಳ ಕಾಲ ಅಲ್ಲಿಯ ಬಣ್ಣವು ಸೇರುತ್ತ, ಮಾಸುತ್ತ, ಬದಲಾಗುತ್ತ ಬಂದಿತು. ಮುಗಿಯಿತೆಂದು ಸಹಿಹಾಕುವ ದಿನವೇ ಇಲ್ಲದ ಕೃತಿ ಅದು.

ಗುಣದೊಡನೆ ದೋಷವನ್ನೂ ಹೇಳಬೇಕಾದುದು ವಿಮರ್ಶೆಯ ಧರ್ಮ. ಒಮೆಗಾದ ಸರಕು ಗಟ್ಟಿಯಾದುದಲ್ಲವೆಂಬ ಆಕ್ಷೇಪಣೆ ಆಗಲೇ ಇದ್ದಿತು. ಆ ಕಾರ್ಯಾಗಾರವು 1919ರಲ್ಲಿ ಮುಚ್ಚಿಹೋಯಿತು. ಗ್ರಾಂಟನ ವೃತ್ತಗಳು, ಅಡ್ಡಗೆರೆಗಳು, ಹೂದಾನಿಗಳು ಪುನರುಕ್ತಿಯಿಂದ ಕೆಲವೆಡೆ ಸಪ್ಪೆಯಾಗಿವೆ. ವಸ್ತುವಿನ ಉಪಯೋಗವೂ ಚಿತ್ರದ ಅರ್ಥವೂ ಒಂದಾದಲ್ಲಿ, ಮಲಗುವವರ ತಲೆಯ ಬಳಿ ಸ್ವಪ್ನದೇವತೆಯನ್ನು ನಿಲ್ಲಿಸಿದ ಹಾಗೆ, ಅವನ ಕಲೆ ಶ್ರೇಷ್ಠವಾಗಿದೆ; ಮರವು ಬರಿಯ ಹಲಗೆಯಾದಲ್ಲಿ ಅಲಂಕಾರಮಾತ್ರವಾಗಿದೆ.

ಇದಕ್ಕಿಂತ ಗಂಭೀರವಾದ ಪ್ರಶ್ನೆ ಹೆಸರಿನದು. ಅನಾಮಧೇಯತೆಯನ್ನು ನಿಯಮವಾಗಿಟ್ಟುಕೊಂಡಿದ್ದ ಸಂಸ್ಥೆಯ ವಸ್ತುಗಳಿಗೆ ವಿದ್ವಾಂಸರು ಇಂದು ಒಂದೊಂದಾಗಿ ಕರ್ತೃಗಳನ್ನು ಗೊತ್ತುಪಡಿಸುತ್ತಿದ್ದಾರೆ. ಆ ಶೋಧನೆಯು ಹೆಚ್ಚಾಗಿ ಬಣ್ಣ ಬಳಿದವನ ಹೆಸರಿಗೆ ಬಂದು ನಿಲ್ಲುತ್ತದೆ. ಮರವನ್ನು ಕೊಯ್ದು ಜೋಡಿಸಿದವನ ಹೆಸರು ಅಪರೂಪ. ಗ್ರೇಸ್ ಹಿಗ್ಗೆನ್ಸ್ ಎಂಬಾಕೆ 1920ರಿಂದ ಸುಮಾರು ಅರ್ಧ ಶತಮಾನ ಆ ಕುಟುಂಬದ ಸೇವೆಯಲ್ಲಿದ್ದು ಮನೆಯನ್ನು ನಡೆಸಿದಳು. ನಿಲ್ಲದೆ ಸಾಗಿದ ಈ ಕಲೆಯ ಬೆನ್ನಿಗೆ ಹೀಗೆ ನಿಲ್ಲದೆ ಸಾಗಿದ ದುಡಿಮೆಯೂ ಇದ್ದಿತು. ಕಲೆಯನ್ನು ಕಸುಬಿನಿಂದ ಬೇರ್ಪಡಿಸುವ ಅಧ್ಯಾಯಗಳು ಕೆಡವುವ ಕೊಂಡಿ ಇದೇ.

1980ರಲ್ಲಿ ಮನೆಯ ರಕ್ಷಣೆಗಾಗಿ ಧರ್ಮದರ್ಶಿ ಸಂಸ್ಥೆಯೊಂದು ಸ್ಥಾಪಿತವಾಗಿ, 1986ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ರಕ್ಷಣೆಯೆಂದರೆ ಇನ್ನು ಮೇಲೆ ಯಾರೂ ಅಲ್ಲಿಯ ಮೇಜಿಗೆ ಮನಬಂದಂತೆ ಬಣ್ಣ ಬಳಿಯಕೂಡದು ಎಂದರ್ಥ. ಮನೆಯನ್ನು ಬೆಳೆಸಿದ ಸ್ವಾತಂತ್ರ್ಯವನ್ನು ನಿಲ್ಲಿಸಿಯೇ ಅದನ್ನು ಉಳಿಸಬೇಕಾಯಿತು. ಇದು ದೂಷಣೆಯಲ್ಲ, ಆಕರದ ಸ್ವರೂಪವನ್ನು ಕುರಿತ ಎಚ್ಚರಿಕೆ. ಆದಕಾರಣ ಬಣ್ಣದ ಪೀಠೋಪಕರಣವೊಂದನ್ನು ತರಗತಿಯಲ್ಲಿ ಪ್ರಸ್ತಾಪಿಸುವಾಗ, ಬಣ್ಣ ಬಳಿದವರು ಯಾರೆಂದು ಕೇಳಿ ಸುಮ್ಮನಾಗದೆ, ಮಾಡಿದವರು ಯಾರು, ಒರಸಿದವರು ಯಾರು, ಬದಲಾವಣೆಯು ನಿಂತುದು ಯಾವ ವರ್ಷ ಎಂದೂ ವಿದ್ಯಾರ್ಥಿಗಳು ಕೇಳುವಂತಾಗಬೇಕು.