ಬೆಟ್ಟದ ಹೂವೂ ದೆಹಲಿಯ ಚಳಿಯೂ

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸರಕಾರಿ ಭವನಗಳ ಮುಂದಣ ಹುಲ್ಲುಹಾಸಿನ ಮೇಲೆ ಬಿಸಿಲಿಗೆ ಬೆನ್ನುಕೊಟ್ಟು ಕುಳಿತು, ಕಡಲೆಕಾಯಿ ಸುಲಿಯುತ್ತ ಲೋಕದ ಸಮಸ್ತ ವ್ಯಾಜ್ಯಗಳನ್ನೂ ಇತ್ಯರ್ಥಪಡಿಸುವುದು ಚಳಿಗಾಲದ ದೆಹಲಿಯ ನೌಕರವರ್ಗಕ್ಕೆ ಪರಂಪರಾಗತವಾಗಿ ಬಂದಿರತಕ್ಕ ಒಂದು ಹಕ್ಕು. ಅಂಥದೊಂದು ಗೋಷ್ಠಿಯಲ್ಲಿ, ಶೇಖರ್ ಕಪೂರರ ‘ಮಾಸೂಮ್’ ಚಿತ್ರ ತೆರೆಕಂಡು ನಾಲ್ವತ್ತು ವರ್ಷಗಳು ಸಂದುಹೋದುವೆಂಬ ಮಾತನ್ನು ಯಾರೋ ಎತ್ತಿದರು. ಕೂಡಲೆ ಅಲ್ಲಿದ್ದ ಏಳೆಂಟು ಮಂದಿಯೂ 1983ರಲ್ಲಿ ತಾವು ಎಷ್ಟನೆಯ ತರಗತಿಯಲ್ಲಿದ್ದೆವೆಂಬುದನ್ನು ಮನಸ್ಸಿನಲ್ಲಿಯೇ ಕೂಡಿ ಕಳೆದು, ಮುದುಕರಾದೆವಲ್ಲ ಎಂದು ಒಕ್ಕೊರಲಿನಿಂದ ನಿಟ್ಟುಸಿರಿಟ್ಟು, ಆ ನಿಟ್ಟುಸಿರಿನಲ್ಲಿ ಒಂದು ಬಗೆಯ ಸುಖವನ್ನೂ ಅನುಭವಿಸಿ, ಮಡಿಲ ಸಿಪ್ಪೆಯನ್ನು ಕೊಡವಿ ಎದ್ದರು. ನಾನೂ ಎದ್ದೆ, ಆದರೆ ಆ ನಿಟ್ಟುಸಿರು ನನಗೆ ಅಷ್ಟಾಗಿ ರುಚಿಸಲಿಲ್ಲ.

ಏತಕ್ಕೆಂದರೆ, ಬಾಲ್ಯದಲ್ಲಿ ಕಂಡ ಚಲನಚಿತ್ರದ ಹೆಸರು ಕಿವಿಗೆ ಬಿದ್ದೊಡನೆ ವಯಸ್ಸನ್ನೆಣಿಸಿಕೊಳ್ಳುವುದು ಈಗ ಒಂದು ವಿನೋದವೂ ಆಗಿದೆ, ಒಂದು ವ್ಯಾಪಾರವೂ ಆಗಿದೆ. ರಜತೋತ್ಸವದ ಭಿತ್ತಿಪತ್ರಗಳು ಹೊರಡುತ್ತವೆ. ಹಳೆಯ ಚಿತ್ರಗಳು ತೊಳೆದು ಬಳಿದ ಪ್ರತಿಗಳಲ್ಲಿ ಮತ್ತೆ ತೆರೆಗೆ ಬರುತ್ತವೆ. ಆದರೆ ಕಾಲಗಣನೆಯು ಪಂಚಾಂಗದ ಕೆಲಸವೇ ಹೊರತು ಕಲಾಕೃತಿಯ ಕೆಲಸವಲ್ಲ. ಒಂದೇ ಶುಕ್ರವಾರ ಬಿಡುಗಡೆಯಾದ ಉತ್ತಮ ಚಿತ್ರಕ್ಕೂ ಅಧಮ ಚಿತ್ರಕ್ಕೂ ಒಂದೇ ದಿನ ನಾಲ್ವತ್ತು ತುಂಬುತ್ತದೆ. ಕನಾಟ್ ಪ್ಲೇಸಿನ ರೀಗಲ್ ಚಿತ್ರಮಂದಿರ 2017ರ ಮಾರ್ಚ್ 30ರಂದು ಬಾಗಿಲು ಮುಚ್ಚಿದಾಗ ರಾಜ್ ಕಪೂರರ ಚಿತ್ರಗಳಿಗೆ ಜನ ಕಿಕ್ಕಿರಿದರು. ಅವರು ಕಂಬನಿ ಮಿಡಿದುದು ಕಟ್ಟಡಕ್ಕೇ ವಿನಾ ಚಿತ್ರಕ್ಕಲ್ಲವೆಂದೇ ನನ್ನ ಗುಮಾನಿ. ಅದು ತಪ್ಪೆಂದಲ್ಲ. ಆದರೆ ಅದನ್ನು ರಸಾನುಭವವೆಂದು ಕರೆಯಲು ನನಗೆ ಸಂಕೋಚ.

ಬಾಲ್ಯದ ಚಿತ್ರವೊಂದು ನಮ್ಮ ವಯಸ್ಸನ್ನು ತಿಳಿಸುವ ಇನ್ನೊಂದು ಬಗೆಯುಂಟು. ವಿಮರ್ಶಕನು ಗಮನಿಸತಕ್ಕದ್ದು ಅದನ್ನೇ. ಅಂದು ಚಿತ್ರದೊಳಗೆ ಯಾರ ಪಕ್ಕದಲ್ಲಿ ಕುಳಿತಿದ್ದೆವೋ ಇಂದು ಅವರ ಪಕ್ಕದಲ್ಲಿ ನಮಗೆ ಸ್ಥಳವಿಲ್ಲ. ನಮಗರಿವಿಲ್ಲದೆಯೇ ಎದ್ದು, ಅಂದು ಕಣ್ಣೆತ್ತಿಯೂ ನೋಡದಿದ್ದ ಮತ್ತೊಂದು ಪಾತ್ರದ ಪಕ್ಕಕ್ಕೆ ಹೋಗಿ ಕುಳಿತಿರುತ್ತೇವೆ. ಇದೇ ದೆಹಲಿಯಲ್ಲಿ ನಡೆಯುವ ‘ಮಾಸೂಮ್’ನ ಕಥೆಯನ್ನು ಎಳೆಯರಾಗಿ ಕಂಡವರು ತಾಯಿಯಿಲ್ಲದ ಆ ಹುಡುಗನ ಪಕ್ಷ, ಐವತ್ತರಲ್ಲಿ ಕಂಡವರಿಗೆ ಶಬಾನಾ ಆಜ್ಮಿಯವರ ಮುಖವೇ ಚಿತ್ರದ ಕೇಂದ್ರ. ಪ್ರೇಕ್ಷಕನು ಹೀಗೆ ಎದ್ದು ಓಡಾಡುವಷ್ಟು ಅವಕಾಶ ಯಾವ ಚಿತ್ರದಲ್ಲಿದೆಯೋ ಅದು ಮಕ್ಕಳ ಚಿತ್ರವಾಗಿಯೂ ಮಕ್ಕಳಿಗಷ್ಟೇ ಮುಗಿಯುವ ಚಿತ್ರವಲ್ಲ.

ಈ ಒರೆಗಲ್ಲಿಗೆ ನಾನು ಹಚ್ಚಿ ನೋಡಿದುದು ‘ಬೆಟ್ಟದ ಹೂವು’ ಚಿತ್ರವನ್ನು. 1985ರಲ್ಲಿ ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿ, ಪಾರ್ವತಮ್ಮ ರಾಜ್‌ಕುಮಾರರು ನಿರ್ಮಿಸಿದ ಚಿತ್ರವದು. ಶೆರ್ಲಿ ಅರೋರಾ ಎಂಬ ಅಮೆರಿಕದ ಲೇಖಕಿ ನಮ್ಮ ದೇಶದ ಹುಡುಗನೊಬ್ಬನನ್ನು ಕುರಿತು 1960ರಲ್ಲಿ ಪ್ರಕಟಿಸಿದ ಮಕ್ಕಳ ಕಾದಂಬರಿ ಅದಕ್ಕೆ ಮೂಲ. ಬಡ ಮನೆಯ ಹುಡುಗ ರಾಮು ಓದಿನಲ್ಲಿ ಆಸೆಯುಳ್ಳವನು. ‘ಶ್ರೀ ರಾಮಾಯಣ ದರ್ಶನಂ’ ಗ್ರಂಥವನ್ನು ಕೊಳ್ಳಬೇಕೆಂಬುದು ಅವನ ಹಂಬಲ. ಅದಕ್ಕಾಗಿ ಬೆಟ್ಟಕಾಡು ಅಲೆದು, ನಮ್ಮ ಕಡೆ ಸೀತಾಳೆ ಎನ್ನುವ ಜಾತಿಯ ಹೂಗಳನ್ನು ತಂದು ಶೆರ್ಲಿ ಮೇಡಮ್ ಎಂಬ ಪರದೇಶದ ಮಹಿಳೆಗೆ ಕೊಟ್ಟು ಕಾಸು ಕೂಡಿಡುತ್ತಾನೆ. ಕೂಡಿಟ್ಟ ಹಣ ಕಡೆಗೆ ಮನೆಯವರ ಕಂಬಳಿಗೆ ಸಲ್ಲುತ್ತದೆ. ಕಥೆ ಇಷ್ಟೇ. 33ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವೆಂಬ ಮನ್ನಣೆ ಇದಕ್ಕೆ ದೊರೆಯಿತು. ರಾಮುವಾಗಿ ಅಭಿನಯಿಸಿದ ಬಾಲಕ ಪುನೀತನಿಗೆ ಅತ್ಯುತ್ತಮ ಬಾಲನಟನೆಂಬ ಪ್ರಶಸ್ತಿ ಬಂದಿತು.

ನಾನು ಅದನ್ನು ಮೊದಲು ಕಂಡುದು ಹಾಸನ ಜಿಲ್ಲೆಯ ನಮ್ಮ ಊರಿನ ಟೆಂಟಿನಲ್ಲಿ, ನೆಲದ ಟಿಕೀಟಿನಲ್ಲಿ, ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕುಳಿತು. ಪುನೀತನೂ ನಾನೂ 1975ರಲ್ಲಿ ಹುಟ್ಟಿದವರಾದ್ದರಿಂದ ತೆರೆಯ ಮೇಲಿನವನು ನನಗೆ ಸಮವಯಸ್ಕ, ಆದಕಾರಣ ಸ್ನೇಹಿತ. ಚಿತ್ರದ ಮೇಲೆ ನನಗೆ ಆ ದಿನ ಬಂದ ಕೋಪವನ್ನು ಇಂದಿಗೂ ಮರೆತಿಲ್ಲ. ಪುಸ್ತಕಕ್ಕೆಂದು ಕೂಡಿಟ್ಟ ಹಣದಲ್ಲಿ ಕಂಬಳಿ ತರುವುದೆಂದರೆ ಎಂತಹ ಅನ್ಯಾಯ! ಕಂಬಳಿಯೆಂಬುದು ಮನೆಯಲ್ಲಿ ಸದಾ ಇರತಕ್ಕ ವಸ್ತು, ಮಳೆಗಾಲದಲ್ಲಿ ಕೊಪ್ಪೆಯಾಗಿ ತಲೆಗೇರುವುದು, ಉಳಿದ ಕಾಲದಲ್ಲಿ ಅಟ್ಟದ ಮೇಲೆ ಜಿರಳೆಗಳಿಗೆ ಆಶ್ರಯವಾಗಿರುವುದು. ದೊಡ್ಡವರು ಮಕ್ಕಳಿಗೆ ಮಾಡುವ ಮೋಸಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಂಡು ಮನೆಗೆ ಬಂದೆ.

ಅದೇ ಚಿತ್ರವನ್ನು ಕಳೆದ ಜನವರಿಯ ಒಂದು ರಾತ್ರಿ, ನೋಯ್ಡಾದ ನಮ್ಮ ಏಳನೆಯ ಮಹಡಿಯ ಮನೆಯಲ್ಲಿ, ಅಂತರ್ಜಾಲದಲ್ಲಿ ಸಿಕ್ಕ ಮಸುಕು ಪ್ರತಿಯಲ್ಲಿ ಮಗಳೊಡನೆ ನೋಡಿದೆನು. ಹೊರಗೆ ಎದುರು ಕಟ್ಟಡದ ದೀಪ ಕಾಣದಷ್ಟು ಮಂಜು. ಒಂದೇ ರಜಾಯಿಯೊಳಗೆ ಕಾಲು ಹುದುಗಿಸಿಕೊಂಡಿದ್ದೆವು. ನಮ್ಮ ಬೀದಿಯ ಪಿಂಜಾರನಿಂದ ದೀಪಾವಳಿ ಕಳೆದೊಡನೆ ಹತ್ತಿ ಹಿಂಜಿಸಿ, ಮೇಲೆ ಹೊಸ ಗಲೀಬು ಹೊಲಿಸಿದ ರಜಾಯಿ. ಆದರೂ ಬೆರಳ ತುದಿಗಳು ಮರಗಟ್ಟಿದ್ದುವು. ರಾಮು ಕಂಬಳಿ ತಂದ ಭಾಗ ಬಂದಾಗ ಮಗಳು, “ಅಪ್ಪಾ, ಕಂಬಳಿ ಅಂದ್ರೆ ಕಂಬಲ್ ತಾನೆ?” ಎಂದಳು. ಹೌದೆಂದೆ. “ಮತ್ತೆ ಅದನ್ನೇ ತಾನೆ ತರಬೇಕು? ಇಷ್ಟು ಥಂಡಿ ಇದೆ!” ಎಂದವಳು, ಸ್ವಲ್ಪ ತಡೆದು, “ಆದ್ರೂ ಪಾಪ” ಎಂದಳು.

ನಲವತ್ತು ವರ್ಷಗಳಲ್ಲಿ ನಾನು ನಡೆದ ಹಾದಿಯನ್ನು ಈ ಹುಡುಗಿ ಎರಡು ವಾಕ್ಯಗಳಲ್ಲಿ ನಡೆದುಬಿಟ್ಟಳು. ಚಳಿಯೆಂದರೇನೆಂದು ನಮ್ಮ ಊರು ನನಗೆ ಕಲಿಸಿರಲಿಲ್ಲ, ಕಲಿಸಿದ್ದು ದೆಹಲಿ. 1998ರ ಡಿಸೆಂಬರಿನಲ್ಲಿ ಕೆಲಸಕ್ಕೆಂದು ಕರ್ನಾಟಕ ಎಕ್ಸ್‌ಪ್ರೆಸ್ಸಿನಿಂದ ಇಳಿದವನು ತಂದಿದ್ದುದು ಒಂದು ದುಪ್ಪಟಿ, ಒಂದು ಅರ್ಧತೋಳಿನ ಸ್ವೆಟರು. ಆ ರಾತ್ರಿ ಆರ್.ಕೆ. ಪುರಮ್ಮಿನ ಬಾಡಿಗೆ ಕೋಣೆಯಲ್ಲಿ, ಹಾಸಿಗೆಯ ಮೇಲೆ ಹಾಸಿದ್ದ ಜಮಖಾನವನ್ನೂ ಎಳೆದು ಹೊದೆದು, ನಿದ್ದೆಯಿಲ್ಲದೆ ಬೆಳಗು ಮಾಡಿದೆ. ಪುಸ್ತಕಗಳು ತುಂಬಿದ ಪೆಟ್ಟಿಗೆಯೊಂದು ತಲೆದೆಸೆಯಲ್ಲಿತ್ತು. ಅದರಲ್ಲಿದ್ದ ಯಾವ ಮಹಾಕಾವ್ಯವೂ ಆ ರಾತ್ರಿ ಪ್ರಯೋಜನಕ್ಕೆ ಬರಲಿಲ್ಲ. ರಾಮುವಿನ ತಾಯಿಯ ಪಕ್ಕಕ್ಕೆ ನಾನು ಎದ್ದುಹೋದುದು ಬಹುಶಃ ಆ ರಾತ್ರಿಯೇ. ಗೊತ್ತಾದುದು ಮಾತ್ರ ಈಗ.

ರಾಮು ಹಂಬಲಿಸಿದ ಆ ಮಹಾಕಾವ್ಯದ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕುವೆಂಪು ಅವರ ಈ ಕೃತಿಗೆ 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ, ಆಮೇಲೆ 1967ನೆಯ ಸಾಲಿನ ಜ್ಞಾನಪೀಠವೂ ಬಂದುದು, ಜ್ಞಾನಪೀಠವನ್ನು ಕನ್ನಡವು ಅದರಿಂದಲೇ ಮೊದಲು ಕಂಡುದು, ಎಲ್ಲರಿಗೂ ತಿಳಿದ ಸಂಗತಿ. ಬಾಲಕನಾಗಿ ನಾನು ಅದನ್ನು ಬಣ್ಣದ ಚಿತ್ರಗಳುಳ್ಳ ಕಥೆಪುಸ್ತಕವೆಂದು ಊಹಿಸಿಕೊಂಡಿದ್ದೆ. ಕಾಲೇಜಿನಲ್ಲಿ ಅದನ್ನು ತೆರೆದಾಗ, ಮಹಾಛಂದಸ್ಸಿನ ಆ ದೀರ್ಘ ಪಂಕ್ತಿಗಳೂ ಹಳಗನ್ನಡದ ಪ್ರಯೋಗಗಳೂ ಸಮಾಸಗಳೂ ಅರಣ್ಯದಂತೆ ಎದುರು ನಿಂತುವು. ನಿಘಂಟಿಲ್ಲದೆ ಹತ್ತು ಪುಟ ದಾಟಲಾಗಲಿಲ್ಲ. ಹತ್ತು ವರ್ಷದ ಹುಡುಗನು ಈ ಗ್ರಂಥವನ್ನು ಕೊಂಡಿದ್ದರೆ ಓದುತ್ತಿದ್ದನೇ? ಓದುತ್ತಿರಲಿಲ್ಲವೆಂಬುದೇ ವಿವೇಕಿಗಳ ಉತ್ತರ. ಇದನ್ನು ಚಿತ್ರಕಥೆಯ ದೋಷವೆಂದು ನಾನು ಬಹುಕಾಲ ಎಣಿಸಿದ್ದೆನು. ಈಗ ಹಾಗೆ ತೋರುವುದಿಲ್ಲ. ಓದಿ ಮುಗಿಸಬಲ್ಲ ಪುಸ್ತಕವನ್ನು ಬಯಸುವುದು ದೊಡ್ಡವರ ಬಯಕೆ. ತನ್ನ ಅಳವಿಗೆ ಮೀರಿದುದನ್ನು, ಮೀರಿದೆಯೆಂಬ ಅರಿವೇ ಇಲ್ಲದೆ ಬಯಸುವುದು ಮಗುವಿನದು.

ಹಾಗೆಂದು ಚಿತ್ರವು ನಿರ್ದುಷ್ಟವೆಂದಲ್ಲ. ಬೆಟ್ಟವನ್ನೂ ಕಾಡನ್ನೂ ತೋರಿಸುವಲ್ಲಿ ಅದು ಆಗಾಗ ಚಿತ್ರದ ಕಾರ್ಡಿನಂತೆ ಅಂದವಾಗಿಬಿಡುತ್ತದೆ. ಸೌಜನ್ಯವು ಅಲ್ಲಿ ಧಾರಾಳವಾಗಿರುವುದರಿಂದ ಬಡತನದ ಮೊನೆ ಕೆಲವೆಡೆ ಮೊಂಡಾಗಿದೆ. ಇನ್ನು ಆ ಪರದೇಶದ ಮಹಿಳೆ: ಕಾಡಿನ ಅಪರೂಪದ ಹೂಗಳು ಹುಡುಗನೊಬ್ಬನ ಕೈಯಿಂದ ಚಿಲ್ಲರೆ ಕಾಸಿಗೆ ಆಕೆಯ ಕೈಸೇರುವುದನ್ನು ಚಿತ್ರವು ನಿಷ್ಕಪಟ ವಾತ್ಸಲ್ಯದ ವಿನಿಮಯವೆಂಬಂತೆ ಕಾಣುತ್ತದೆ; ಇಂದಿನ ಕಣ್ಣಿಗೆ ಅಷ್ಟು ನಿರಾತಂಕವಾಗಿ ಕಾಣಲಾಗದು. ಇಷ್ಟಾದರೂ, ‘ನಾಂದಿ’ಯನ್ನೂ ‘ಉಯ್ಯಾಲೆ’ಯನ್ನೂ ‘ಅಬಚೂರಿನ ಪೋಸ್ಟಾಫೀಸು’ ಚಿತ್ರವನ್ನೂ ಮಾಡಿದ ನಿರ್ದೇಶಕರ ಸಂಯಮ ಮುಖ್ಯವಾದ ಜಾಗದಲ್ಲಿ ಕೈಬಿಟ್ಟಿಲ್ಲ. ಕಂಬಳಿಯನ್ನು ಆರಿಸಿಕೊಂಡ ಹುಡುಗನನ್ನು ಚಿತ್ರವು ತ್ಯಾಗಮೂರ್ತಿಯಾಗಿ ಪೀಠಕ್ಕೇರಿಸುವುದಿಲ್ಲ. ಅವನು ಆಸೆಪಟ್ಟ ಹುಡುಗನಾಗಿಯೇ ಉಳಿಯುತ್ತಾನೆ. ಟೆಂಟಿನಲ್ಲಿ ನನಗೆ ಕೋಪ ಬಂದುದೂ, ನೋಯ್ಡಾದಲ್ಲಿ ಗಂಟಲು ಕಟ್ಟಿದುದೂ ಇದೇ ಸಂಯಮದ ಫಲ. ತ್ಯಾಗವನ್ನು ಹೊಗಳಿ ಕೈಮುಗಿಸಿದ್ದರೆ ಅಂದೂ ಇಂದೂ ಕೈಮುಗಿದು ಎದ್ದುಬರುತ್ತಿದ್ದೆ, ಅಷ್ಟೆ.

ಹುಡುಗ ಪುನೀತನ ಅಭಿನಯವನ್ನು ಕುರಿತು ಒಂದೇ ಮಾತು. ಅದಕ್ಕೆ ಎರಡು ವರ್ಷ ಹಿಂದೆ, 1983ರ ‘ಭಕ್ತ ಪ್ರಹ್ಲಾದ’ದಲ್ಲಿ, ತಂದೆ ರಾಜ್‌ಕುಮಾರರು ಹಿರಣ್ಯಕಶಿಪುವಾಗಿ ಗರ್ಜಿಸುತ್ತಿರುವಾಗ ಈತನು ಎದುರು ನಿಂತು ಪದ್ಯವನ್ನೂ ಗದ್ಯವನ್ನೂ ಅಳುಕದೆ ಒಪ್ಪಿಸಿದ್ದನು, ಅದು ನಾಟಕದ ಮನೆತನದ ಶಿಕ್ಷಣ. ‘ಬೆಟ್ಟದ ಹೂವು’ ಆ ಶಿಕ್ಷಣವನ್ನು ಮರೆಯಿಸಿ, ಹುಡುಗನನ್ನು ಸುಮ್ಮನೆ ನಡೆಯಲು, ನೋಡಲು, ಕಾಯಲು ಬಿಟ್ಟಿತು. (ಪ್ರಹ್ಲಾದನ ಚಿತ್ರದಲ್ಲಿಯೂ ನನ್ನ ಸ್ಥಾನ ಪಲ್ಲಟವಾಗಿದೆಯೆಂದು ಒಪ್ಪಿಕೊಳ್ಳಬೇಕು: ಸಾಕಿ ಸಲಹಿದ ಮಗ ತನ್ನ ಮಾತೊಂದನ್ನೂ ಕೇಳದಿರುವಾಗ ಆ ರಾಕ್ಷಸ ಪಡುವ ಪಾಡು, ಹದಿನಾರರ ಮಗಳನ್ನು ಬೆಳೆಸುತ್ತಿರುವ ನನಗೆ ಈಗ ಅಷ್ಟೇನೂ ರಾಕ್ಷಸವೆನಿಸುವುದಿಲ್ಲ.)

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, ನಲವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿಂದೀಚೆಗೆ ಅವರ ಚಿತ್ರಗಳನ್ನು ನೋಡುವುದೇ ಒಂದು ಶ್ರಾದ್ಧಕರ್ಮವಾಗಿದೆ. 2024ರಲ್ಲಿ ‘ಜಾಕಿ’, 2025ರಲ್ಲಿ ‘ಅಪ್ಪು’ ಮತ್ತೆ ತೆರೆಕಂಡು, ಜನ ಆರತಿಯೆತ್ತಿದರು, ಅತ್ತರು. ಆ ಶೋಕದ ಪ್ರಾಮಾಣಿಕತೆಯನ್ನು ನಾನು ಸಂಶಯಿಸುವವನಲ್ಲ. ಆದರೆ ‘ಬೆಟ್ಟದ ಹೂವು’ ಆ ಕಣ್ಣೀರಿಗೆ ಹೊರತಾದ ಒಂದು ಲೆಕ್ಕವನ್ನು ನನ್ನ ಮುಂದಿಟ್ಟಿತು. ಮರಳುಗುಡ್ಡೆಯ ಮೇಲೆ ಕುಳಿತಿದ್ದಾಗ ನಾವಿಬ್ಬರೂ ಓರಗೆಯವರು. ಈಗ ನಾನು ಐವತ್ತನ್ನು ದಾಟಿದವನು. ಅವನು ನಲವತ್ತಾರನ್ನೇ ದಾಟಲಿಲ್ಲ. ಸ್ನೇಹಿತನಾಗಿದ್ದವನಿಗೆ ನಾನು ಹಿರಿಯನಾಗಿಬಿಟ್ಟಿದ್ದೇನೆ, ಮುಂದೆ ಪ್ರತಿ ವರ್ಷವೂ ಇನ್ನಷ್ಟು ಹಿರಿಯನಾಗುತ್ತ ಹೋಗುತ್ತೇನೆ. ಹುಲ್ಲುಹಾಸಿನ ಮೇಲೆ ನಾವು ಇಟ್ಟ ನಿಟ್ಟುಸಿರಿಗೂ ಇದಕ್ಕೂ ಇರುವ ದೂರ, ಕಡಲೆಕಾಯಿಯ ಸಿಪ್ಪೆಗೂ ಬೀಜಕ್ಕೂ ಇರುವಷ್ಟು.

ದೆಹಲಿಯ ಕನ್ನಡಿಗರಲ್ಲಿ ಒಂದು ವಿಜ್ಞಾಪನೆ. ಗುರುಗ್ರಾಮದ, ನೋಯ್ಡಾದ ಮಲ್ಟಿಪ್ಲೆಕ್ಸುಗಳಲ್ಲಿ ಈಗ ಕನ್ನಡದ ದೊಡ್ಡ ಚಿತ್ರಗಳು ಬಂದುಹೋಗುತ್ತಿವೆ, ಸಂತೋಷ. ಆದರೆ ಲೋದಿ ಎಸ್ಟೇಟಿನ ನಮ್ಮ ಕನ್ನಡ ಶಾಲೆಯ ಮಕ್ಕಳೂ, ಮನೆಯಲ್ಲಿ ಕನ್ನಡವನ್ನು ಕೇಳಿ ಹಿಂದಿಯಲ್ಲಿ ಉತ್ತರಿಸುವ ನಮ್ಮೆಲ್ಲರ ಮಕ್ಕಳೂ ‘ಬೆಟ್ಟದ ಹೂವು’ ಚಿತ್ರವನ್ನು ಒಮ್ಮೆ ದೊಡ್ಡ ತೆರೆಯ ಮೇಲೆ, ಹಿರಿಯರ ಪಕ್ಕದಲ್ಲಿ ಕುಳಿತು ನೋಡುವಂತಾಗಬೇಕು. ಅಮೃತ ಮಹೋತ್ಸವವನ್ನು ಆಚರಿಸಿಕೊಂಡಿರುವ ದೆಹಲಿ ಕರ್ನಾಟಕ ಸಂಘಕ್ಕೆ ಇದು ಭಾರವಾದ ಕೆಲಸವಲ್ಲ. ನವೆಂಬರಿನ ಉತ್ಸವದ ಗದ್ದಲದಲ್ಲಿ ಬೇಡ, ಪುಣ್ಯತಿಥಿಯ ದಿನವೂ ಬೇಡ. ಜನವರಿಯ ಮೊದಲ ವಾರದಲ್ಲಿ, ಸಂಜೆಯ ಹೊತ್ತು ತೋರಿಸಬೇಕು. ಟಿಕೀಟಿನ ಹಣಕ್ಕೆ ಬದಲು ತಲೆಗೊಂದು ಕಂಬಳಿ ಪಡೆದು, ಆ ರಾತ್ರಿಯೇ ಮನೆಯಿಲ್ಲದವರು ತಂಗುವ ಹತ್ತಿರದ ರೈನ್ ಬಸೇರಾಕ್ಕೆ ತಲಪಿಸಬೇಕು. ನಮ್ಮ ಮನೆಯಿಂದ ಮೂರು ಬರುತ್ತವೆ.