ಮಂಗಳ ಹಾಡದೆ ಗಂಟು ಕಟ್ಟಿದವರು

ನಮ್ಮ ಚಿಕ್ಕವ್ವನಿಗೆ ಧಾರಾವಾಹಿ ಮುಗಿಯುವ ಸುಳಿವು ಅದರಲ್ಲಿ ನಟಿಸುವವರಿಗಿಂತ ಮೊದಲೇ ಸಿಗುತ್ತದೆ. ಕಳೆದ ವಾರ ಕಂಪ್ಲಿ ಸೀಮೆಯ ಎಮ್ಮಿಗನೂರಿಗೆ ಹೋದಾಗ ಆಕೆ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಅಕ್ಕಿ ಹಸನು ಮಾಡುತ್ತಿದ್ದಳು. ಟಿವಿಯಲ್ಲಿ ಹೊಸ ಧಾರಾವಾಹಿಯ ಪ್ರೋಮೊ ಬಂತು. ಹಸಿರು ಬಳೆ, ಮಳೆ, ಬಡವರ ಮನೆಯ ಹುಡುಗಿ, ಕಾರಿನಿಂದ ಇಳಿಯುವ ಸಿಡುಕು ಮೋರೆಯ ಶ್ರೀಮಂತ, ಎಲ್ಲ ಇತ್ತು. ವೇಳೆ ಮಾತ್ರ ಇರಲಿಲ್ಲ. ‘ಶೀಘ್ರದಲ್ಲೇ’ ಅಂತಷ್ಟೇ ಇತ್ತು. ಚಿಕ್ಕವ್ವ ಮೊರ ಪಕ್ಕಕ್ಕಿಟ್ಟಳು.

“ಆತು ಬಿಡು, ನಮ್ದರ ಕುತ್ತಿಗಿಗೆ ಬಂತು.”

ಹೆಂಗ ಹೇಳ್ತಿ ಅಂದೆ. “ಹೋದ ವಾರದಿಂದ ಅತ್ತಿ ಒಳ್ಳೇಕಿ ಆಗ್ಯಾಳ” ಅಂದಳು. ಮೂರು ವರ್ಷ ಸೊಸೆಯ ಹಾಲಿಗೆ ಏನೇನೋ ಬೆರೆಸುತ್ತಿದ್ದ ಅತ್ತೆ ಒಂದೇ ವಾರದಲ್ಲಿ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಅತ್ತರೆ, ಅದು ಪಶ್ಚಾತ್ತಾಪವಲ್ಲ, ಚಾನೆಲ್‌ನಿಂದ ಬಂದ ನೋಟೀಸು. ಅಮೆರಿಕಕ್ಕೆ ಹೋದ ಮೈದುನ ಕೇಳದೆ ವಾಪಸು ಬರುತ್ತಾನೆ. ನೆನಪು ಕಳೆದುಕೊಂಡವನಿಗೆ ನೆನಪು ಮರಳುತ್ತದೆ. ಯಾರಿಗೋ ವಾಂತಿಯಾಗುತ್ತದೆ, ಮನೆಯವರೆಲ್ಲ ನಗುತ್ತಾರೆ. ಮುಖಕ್ಕೆ ಮೂರು ಸಲ ಕ್ಯಾಮೆರಾ ನುಗ್ಗಿಸಿ ಒಂದು ಮಾತಿಗೆ ಒಂದು ಕಂತು ತಿನ್ನುತ್ತಿದ್ದವರು ಒಂದೇ ಕಂತಿನಲ್ಲಿ ಎರಡು ಮದುವೆ ಮಾಡಿ ಮುಗಿಸುತ್ತಾರೆ. ಇಷ್ಟಾದ ಮೇಲೂ ಅನುಮಾನ ಉಳಿದರೆ, ಏಳೂವರೆಯ ಧಾರಾವಾಹಿಯನ್ನು ಸಂಜೆ ಆರಕ್ಕೋ ರಾತ್ರಿ ಹತ್ತೂವರೆಗೋ ಎತ್ತಿಡುತ್ತಾರೆ. ಮನೆಯ ಮುದುಕರ ಹಾಸಿಗೆಯನ್ನು ನಡುಮನೆಯಿಂದ ಹಿತ್ತಲ ಕೋಣೆಗೆ ಎತ್ತಿಟ್ಟ ಹಾಗೆ.

ಚಿಕ್ಕವ್ವ ಹೇಳಿದ ಧಾರಾವಾಹಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಅದಿನ್ನೂ ಓಡುತ್ತಿದೆ. ಊಹೆ ತಪ್ಪಾದರೆ ಆಕೆ ನನ್ನ ಕೂಡ ಮಾತು ಬಿಡುತ್ತಾಳೆ.

ಈ ಅಂಕಣದಲ್ಲಿ ಧಾರಾವಾಹಿ ಎಳೆಯುವವರನ್ನು ನಾನು ಬಹಳ ಸಲ ಬೈದಿದ್ದೇನೆ. ಚಿಕ್ಕವ್ವ ನನಗಿಂತ ಚೆನ್ನಾಗಿ ಬೈಯುತ್ತಾಳೆ. “ಹಿಂಗ ಎಳದ್ರ ಹಗ್ಗಾನೂ ಹರೀತೈತಿ” ಅನ್ನುವುದು ಆಕೆಯ ನಿತ್ಯದ ಮಾತು. ಆದರೆ ಅವತ್ತು ಬೈಗುಳ ಇರಲಿಲ್ಲ. ಲೆಕ್ಕ ಇತ್ತು. “ಆ ವಿಲ್ ಎಲ್ಲಿ ಹೋತು? ಆಸ್ಪತ್ರ್ಯಾಗ ಕೂಸು ಅದಲು ಬದಲು ಮಾಡಿದ್ದು ಯಾರಿಗೆ ಗೊತ್ತಾತು? ಆ ಡ್ರೈವರ್‌ನ ಕೊಂದಾಕಿಗೆ ಶಿಕ್ಷಿ ಆಗಬಾರದೇನು?” ಬೆರಳು ಮಡಚಿ ಎಣಿಸಿದಳು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೆರೆದಂತಿತ್ತು. ಸಾಲ ಕೊಟ್ಟವಳು ಆಕೆ, ತೆಗೆದುಕೊಂಡವರು ಕಥೆ ಬರೆಯುವವರು. ದಿನಕ್ಕೆ ಅರ್ಧ ಗಂಟೆಯಂತೆ ಮೂರು ವರ್ಷ ಕೊಟ್ಟಿದ್ದಾಳೆ. 2019ರಲ್ಲಿ ಟ್ರಾಯ್‌ನ ಹೊಸ ದರ ಪದ್ಧತಿ ಬಂದ ಮೇಲಂತೂ ಇಂಥ ಚಾನೆಲ್ ಬೇಕೆಂದು ಆರಿಸಿ, ತಿಂಗಳು ತಿಂಗಳು ದುಡ್ಡು ಕಟ್ಟಿ ನೋಡುವವಳು. ಈಗ ಅಂಗಡಿಯವನು ಶಟರ್ ಎಳೆಯುವ ಹೊತ್ತು.

ಧಾರಾವಾಹಿ ನಡೆಯುವುದೇ ಉದ್ರಿಯ ಮೇಲೆ. ಪ್ರತಿ ಕಂತಿನ ಕೊನೆಗೆ ಒಂದು ಹೊಸ ಸಾಲ: ಬಾಗಿಲ ಹಿಂದೆ ನಿಂತವರು ಯಾರು, ಪತ್ರದಲ್ಲಿ ಏನಿದೆ. ಹಳೆಯದನ್ನು ತೀರಿಸದೆ ಹೊಸದನ್ನು ಎತ್ತುತ್ತಾ ಹೋಗುತ್ತಾರೆ. ಕಲರ್ಸ್ ಕನ್ನಡದ ‘ಅಗ್ನಿಸಾಕ್ಷಿ’ 2013ರ ಡಿಸೆಂಬರಿನಲ್ಲಿ ಶುರುವಾಗಿ 2020ರ ಜನವರಿಯಲ್ಲಿ ನಿಂತಿತು. ಆರು ವರ್ಷ. ಕೇಡಿಗಿತ್ತಿ ಚಂದ್ರಿಕಾ ಎಂಥವಳೆಂದು ನಾಯಕ ಸಿದ್ಧಾರ್ಥನ ಮನೆಯವರಿಗೆ ತಿಳಿಯಲಿ ಎಂದು ನಮ್ಮೂರಿನ ಹೆಂಗಸರು ಎಷ್ಟು ನಾಟಿ, ಎಷ್ಟು ಕಟಾವು ಕಾದರೋ! ಕೆಳಮಟ್ಟದ ಕಾಲುವೆಯ ಗದ್ದೆಯಲ್ಲಿ ಸಾಲಾಗಿ ಬಗ್ಗಿ ಸಸಿ ಊರುವಾಗ ಹಿಂದಿನ ರಾತ್ರಿಯ ಕಥೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿಯುತ್ತಿತ್ತು. ಕರೆಂಟು ಹೋಗಿ ನೋಡದವರಿಗೆ ಅದೇ ಮರುಪ್ರಸಾರ. ಕಥೆ ಮುಗಿಯುವ ಹೊತ್ತಿಗೆ ಸಿದ್ಧಾರ್ಥನಾಗಿದ್ದ ವಿಜಯ್ ಸೂರ್ಯ ಧಾರಾವಾಹಿ ಬಿಟ್ಟು ಹೋಗಿದ್ದರು. ಬಡ್ಡಿಗೆ ಬಡ್ಡಿ ಬೆಳೆದ ಮೇಲೆ ಅಸಲು ಬಂದರೂ ಕೈಗೆ ಹತ್ತುವುದಿಲ್ಲ. ವೈಷ್ಣವಿಯವರು ಆಡಿದ ನಾಯಕಿ ಸನ್ನಿಧಿ ಇಂದಿಗೂ ನೆನಪಿದ್ದಾಳೆ. ಕೊನೆಯ ಕಂತು ಏನಾಯಿತೆಂದು ಕೇಳಿ ನೋಡಿ, ಹತ್ತರಲ್ಲಿ ಒಬ್ಬರೂ ಹೇಳುವುದಿಲ್ಲ.

ಇನ್ನೊಂದು ಬಗೆಯಿದೆ, ತೇಪೆ ಹಾಕುವುದು. ‘ಜೊತೆ ಜೊತೆಯಲಿ’ 2019ರ ಸೆಪ್ಟೆಂಬರಿನಲ್ಲಿ ಜೀ ಕನ್ನಡದಲ್ಲಿ ಬಂದಾಗ ಅದರ ಮೋಡಿಯೇ ಬೇರೆ ಇತ್ತು. ನಡುವಯಸ್ಸಿನ ಆರ್ಯವರ್ಧನ್, ಅರ್ಧ ವಯಸ್ಸಿನ ಅನು ಸಿರಿಮನೆ. ಮರಾಠಿಯಿಂದ ಬಂದ ಕಥೆ ಎಂದು ಯಾರಿಗೂ ಅನ್ನಿಸಲೇ ಇಲ್ಲ. 2022ರ ಆಗಸ್ಟಿನಲ್ಲಿ ನಾಯಕ ಅನಿರುದ್ಧ ಜತಕರ ಅವರಿಗೂ ನಿರ್ಮಾಣ ತಂಡಕ್ಕೂ ಮನಸ್ತಾಪವಾಗಿ ಅವರು ಹೊರಗುಳಿದರು. ಅವರ ಜಾಗಕ್ಕೆ ಹರೀಶ್ ರಾಜ್ ಬಂದರು. ಕಥೆಯಲ್ಲಿ ಅಪಘಾತ, ಪ್ಲಾಸ್ಟಿಕ್ ಸರ್ಜರಿ. ಹರೀಶ್ ರಾಜ್ ಒಳ್ಳೆಯ ನಟ, ಅವರದೇನೂ ತಪ್ಪಿಲ್ಲ. ಯಾರ ತಪ್ಪೆಂದು ತೀರ್ಪು ಕೊಡುವುದು ನನ್ನ ಕೆಲಸವೂ ಅಲ್ಲ. ಆದರೆ ಅಲ್ಲಿಂದ 2023ರ ಮೇ ತಿಂಗಳಲ್ಲಿ ಮುಗಿಯುವವರೆಗೂ ಚಿಕ್ಕವ್ವ ಅದನ್ನು ನೋಡಿದ್ದು ಸೂತಕದ ಮನೆಗೆ ಹೋಗಿಬಂದಂತೆ. “ಅವರು ಸಿದ್ಧಾರೂಢರನ್ನ ತಂದು ನಿಲ್ಲಿಸಿದ್ರೂ ನನಗ ಆರ್ಯ ಸರ್ ಬೇಕು” ಅಂದಿದ್ದಳು.

ಇದಕ್ಕಿಂತ ಕಠಿಣವಾದದ್ದು ‘ಪುಟ್ಟಕ್ಕನ ಮಕ್ಕಳು’. 2021ರ ಡಿಸೆಂಬರಿನಲ್ಲಿ ಬಂದಾಗ ಉಮಾಶ್ರೀಯವರನ್ನು ನೋಡಲೆಂದೇ ಗಂಡಸರೂ ಕೂತರು. ಗಂಡ ಬಿಟ್ಟ ಹೆಂಗಸು ಮೆಸ್ ನಡೆಸಿ ಮೂವರು ಹೆಣ್ಣುಮಕ್ಕಳನ್ನು ಓದಿಸುತ್ತಾಳೆ. ನಡುವಿನವಳು ಸ್ನೇಹಾ ಡಿಸಿ ಆಗುತ್ತಾಳೆ. ಕಂಪ್ಲಿ ಸೀಮೆಯಲ್ಲಿ ಖಾನಾವಳಿ ನಡೆಸಿ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟಿಲ್ಲ! ಅವರಿಗೆ ಸ್ನೇಹಾ ಪಾತ್ರವಾಗಿರಲಿಲ್ಲ, ಮುಂದೊಂದು ದಿನ ನಿಜವಾಗಬಹುದಾದ ಮಗಳು. ಸ್ನೇಹಾಳ ಪಾತ್ರದ ಸಂಜನಾ ಬುರ್ಲಿ ಓದಿಗೆಂದು ಧಾರಾವಾಹಿ ಬಿಟ್ಟಾಗ, 2024ರ ನವೆಂಬರಿನಲ್ಲಿ, ಕಥೆಯವರು ಸ್ನೇಹಾಳನ್ನು ಸಾಯಿಸಿದರು. ಆಮೇಲೆ ಆಕೆಯ ಹೃದಯವನ್ನು ಇನ್ನೊಬ್ಬ ಹುಡುಗಿಗೆ ಕಸಿ ಮಾಡಿಸಿದರು. ಅವಳ ಹೆಸರೂ ಸ್ನೇಹಾ. ನಟಿ ಹೋದರೆ ಬೇರೆ ನಟಿಯನ್ನು ತಂದಿದ್ದರೆ ಜನ ನಾಲ್ಕು ದಿನ ಗೊಣಗಿ ಒಗ್ಗಿಕೊಳ್ಳುತ್ತಿದ್ದರು. ಡಿಸಿ ಸತ್ತ ದಿನ ಧಾರಾವಾಹಿಯೂ ಸತ್ತಿತು ಅನ್ನುವುದು ನನ್ನ ತೀರ್ಮಾನ. ಮುಂದೆ ಓಡಿದ್ದು ತಿಥಿ ಊಟ.

‘ಮಗಳು ಜಾನಕಿ’ಯ ನೋವು ಬೇರೆ ಜಾತಿಯದು. 2018ರ ಜುಲೈಯಲ್ಲಿ ಕಲರ್ಸ್ ಸೂಪರ್‌ನಲ್ಲಿ ಟಿ.ಎನ್. ಸೀತಾರಾಮ್ ಶುರುಮಾಡಿದ ಕಥೆ. ಗಾನವಿ ಲಕ್ಷ್ಮಣ್ ಜಾನಕಿ, ಸೀತಾರಾಮ್ ತಾವೇ ವಕೀಲ ಸಿಎಸ್ಪಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಶೂಟಿಂಗ್ ನಿಂತಿತು. ಜೂನ್ ಹೊತ್ತಿಗೆ ಉಳಿದ ಧಾರಾವಾಹಿಗಳು ಒಂದೊಂದಾಗಿ ಮರಳಿದವು, ಜಾನಕಿ ಮರಳಲಿಲ್ಲ. ಆ ದಿನಗಳಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡಕ್ಕೆ ಡಬ್ ಆದ ಮಹಾಭಾರತ, ಜೀ ಕನ್ನಡದಲ್ಲಿ ಅಂಬೇಡ್ಕರರ ಕಥೆ ‘ಮಹಾನಾಯಕ’ ಬಂದವು. ಹಳ್ಳಿಹಳ್ಳಿಯಲ್ಲಿ ‘ಮಹಾನಾಯಕ’ಕ್ಕೆ ಬ್ಯಾನರ್ ಕಟ್ಟಿದರು, ಅದು ಸಂತೋಷದ ವಿಷಯವೇ. ಆದರೆ ಸಿಎಸ್ಪಿ, ಜಾನಕಿ ತಾವು ಅಪ್ಪ ಮಗಳೆಂದು ತಿಳಿದು ಎದುರುಬದುರು ಕೂರುವ ಒಂದು ಸಂಜೆಗಾಗಿ ಕಾದವರಿಗೆ ಯಾರೂ ಉತ್ತರ ಹೇಳಲಿಲ್ಲ. ಇದಕ್ಕೆ ಹೊಣೆ ಹೊರಿಸಲು ಮನುಷ್ಯರಿಲ್ಲ, ರೋಗವಿದೆ. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ 1998ರಲ್ಲಿ ಚಂದನಕ್ಕೆ ಮಾಡಿದ ‘ಮಾಯಾಮೃಗ’ 2022ರಲ್ಲಿ ‘ಮತ್ತೆ ಮಾಯಾಮೃಗ’ವಾಗಿ ಸಿರಿ ಕನ್ನಡದಲ್ಲಿ ಬಂತು. ಎಂದೋ ಮುಗಿದದ್ದನ್ನು ಮುಂದುವರಿಸಿದವರು ಅರ್ಧಕ್ಕೆ ನಿಂತದ್ದನ್ನು ಮುಗಿಸಲಾರರೇ ಎಂಬ ಆಸೆ ನನಗಿನ್ನೂ ಇದೆ.

ಯಾಕೆ ಹೀಗೆ? ಕೊನೆಯನ್ನು ಬರೆಯುವವರು ಕಥೆಗಾರರಲ್ಲ. ಬಾರ್ಕ್ ಎಂಬ ಸಂಸ್ಥೆ ದೇಶದ ಐವತ್ತು ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಮೀಟರು ಇಟ್ಟಿದೆ. ಧಾರಾವಾಹಿಯ ಸದ್ದಿನೊಳಗೆ ನಮ್ಮ ಕಿವಿಗೆ ಕೇಳದ ಗುರುತೊಂದು ಅಡಗಿರುತ್ತದೆ, ಮೀಟರು ಅದನ್ನು ಹಿಡಿಯುತ್ತದೆ. ಟಿಆರ್‌ಪಿ ಅಂಕ ಹೊರಬೀಳುವುದು ಗುರುವಾರ. 2015ರ ಅಕ್ಟೋಬರಿನಿಂದ ಹಳ್ಳಿಯ ಮನೆಗಳೂ ಈ ಲೆಕ್ಕಕ್ಕೆ ಸೇರಿವೆ; ಧಾರಾವಾಹಿಗಳಲ್ಲಿ ಹಳ್ಳಿಯ ಹುಡುಗಿ, ಎತ್ತಿನ ಗಾಡಿ, ಊರ ಗೌಡ ಹೆಚ್ಚಿದ್ದಕ್ಕೆ ಅದೂ ಒಂದು ಕಾರಣವೆಂದು ನನ್ನ ಗುಮಾನಿ. ಅಂಕ ಇಳಿಯುತ್ತಾ ಹೋದರೆ ಇಷ್ಟು ಕಂತಿನೊಳಗೆ ಮುಗಿಸಿ ಎಂಬ ಮಾತು ಬರುತ್ತದೆ. ಇವತ್ತು ಬರೆದದ್ದನ್ನು ನಾಳೆ ಶೂಟ್ ಮಾಡಿ ನಾಡಿದ್ದು ತೋರಿಸುವ ಓಟದಲ್ಲಿರುವವರು ನೂರು ಗಂಟನ್ನು ಬಿಚ್ಚುವುದಿಲ್ಲ, ಕತ್ತರಿ ಹಾಕುತ್ತಾರೆ. ಮೀಟರಿಗೆ ಚಿಕ್ಕವ್ವ ಟಿವಿ ಹಚ್ಚಿದ್ದು ಗೊತ್ತಾಗುತ್ತದೆ. ಎಣಿಸಲು ಮಡಚಿದ ಬೆರಳು ಗೊತ್ತಾಗುವುದಿಲ್ಲ.

ನಮ್ಮ ಸೀಮೆಯ ಜನಕ್ಕೆ ದೀರ್ಘ ಕಥೆ ಹೊಸದಲ್ಲ, ಅದು ಮುಗಿಯುವುದೂ ಹೊಸದಲ್ಲ. ಕಂಪ್ಲಿಯ ಕುಮಾರರಾಮನ ಆಟವನ್ನೇ ನೋಡಿ. ನದಿಯಾಚೆಯ ಕುಮ್ಮಟದುರ್ಗದಲ್ಲಿ ಅವನ ತಲೆ ಬೀಳುತ್ತದೆಂದು ಬಯಲಾಟಕ್ಕೆ ಕೂತ ಕೂಸಿಗೂ ಗೊತ್ತು. ಹಾಗಂತ ನಡುರಾತ್ರಿ ಯಾರೂ ಎದ್ದುಹೋಗುವುದಿಲ್ಲ. ಮಲತಾಯಿ ರತ್ನಾಜಿಯ ಆಪಾದನೆ ಬರಬೇಕು, ಮಂತ್ರಿ ಬೈಚಪ್ಪ ಅವನನ್ನು ನೆಲಮಾಳಿಗೆಯಲ್ಲಿ ಬಚ್ಚಿಡಬೇಕು, ಯುದ್ಧವಾಗಬೇಕು, ಮೂಡಣ ಕೆಂಪಾಗುವ ಹೊತ್ತಿಗೆ ಮಂಗಳ ಹಾಡಬೇಕು. ಆಗಲೇ ಜನ ಕಂಬಳಿ ಕೊಡವಿ ಏಳುವುದು. ಶ್ರಾವಣದಲ್ಲಿ ಮಠದ ಪುರಾಣ ಶುರುವಾದರೆ ಮಹಾಮಂಗಲ ಯಾವತ್ತು ಅನ್ನುವುದು ಕರಪತ್ರದಲ್ಲೇ ಇರುತ್ತದೆ. ಅವತ್ತು ಹೋಳಿಗೆ, ಅವತ್ತು ಮಗಳನ್ನೂ ಅಳಿಯನನ್ನೂ ಕರೆಸುವುದು. ತುಂಗಭದ್ರೆಯ ಕಾಲುವೆಗೂ ಹಾಗೆಯೇ. ನೀರು ಯಾವ ತಾರೀಖಿನವರೆಗೆ ಎಂದು ನೀರಾವರಿ ಸಲಹಾ ಸಮಿತಿ (ಐಸಿಸಿ) ಸಭೆ ಹೇಳಿದ ಮೇಲೆ ರೈತ ಭತ್ತವೋ ಬೇರೆಯೋ ಎಂದು ತೀರ್ಮಾನಿಸುತ್ತಾನೆ.

ಸುಳ್ಳು ಹೇಳಿದವರು ಕಂಪನಿ ನಾಟಕದವರು ಮಾತ್ರ. ಜಾತ್ರೆಯ ಕ್ಯಾಂಪಿನಲ್ಲಿ ‘ಕೊನೆಯ ಮೂರು ಪ್ರಯೋಗಗಳು’ ಎಂದು ಆಟೊದಲ್ಲಿ ಕೂಗಿಸಿ ಒಂದು ತಿಂಗಳು ಆಡುತ್ತಿದ್ದರು. ಆ ಸುಳ್ಳಿಗೆ ಯಾರೂ ಸಿಟ್ಟಾಗಲಿಲ್ಲ. ಅದು ಕೊನೆಯನ್ನು ಮುಂದೂಡುವ ಸುಳ್ಳಾಗಿತ್ತು, ಮುಚ್ಚಿಡುವುದಾಗಿರಲಿಲ್ಲ. ಮೇಲಾಗಿ ಆ ರಾತ್ರಿಯ ನಾಟಕ ಆ ರಾತ್ರಿಯೇ ಮುಗಿಯುತ್ತಿತ್ತು.

ಸಾಬೂನು ಮಾರುವವರ ದುಡ್ಡಿನಿಂದ ಹುಟ್ಟಿದ್ದಕ್ಕೆ ‘ಸೋಪ್’ ಎಂದು ಹೆಸರು ಪಡೆದ ಈ ಧಾರಾವಾಹಿ ಕಲೆ ಅಮೆರಿಕದ್ದು. ಅಲ್ಲಿಯ ‘ಗೈಡಿಂಗ್ ಲೈಟ್’ 1937ರಲ್ಲಿ ರೇಡಿಯೊದಲ್ಲಿ ಶುರುವಾಯಿತು, 1952ರಲ್ಲಿ ಟಿವಿಗೆ ಬಂತು, 2009ರ ಸೆಪ್ಟೆಂಬರ್ 18ರಂದು ಮುಗಿಯಿತು. ಎಪ್ಪತ್ತೆರಡು ವರ್ಷ! ನನಗೆ ಮುಖ್ಯವೆನಿಸಿದ್ದು ಆ ಎಪ್ಪತ್ತೆರಡಲ್ಲ. ನಿಲ್ಲಿಸುತ್ತೇವೆಂದು ಸಿಬಿಎಸ್ ಚಾನೆಲ್ ಹೇಳಿದ್ದು ಅದೇ ವರ್ಷದ ಏಪ್ರಿಲ್ 1ರಂದು. ಅಂದರೆ ಬರೆಯುವವರಿಗೂ ನೋಡುವವರಿಗೂ ಐದು ತಿಂಗಳಿಗೆ ಮಿಗಿಲಾಗಿ ಸಮಯ ಸಿಕ್ಕಿತು. 2011ರಲ್ಲಿ ಎಬಿಸಿ ಎರಡು ಹಳೆಯ ಧಾರಾವಾಹಿಗಳನ್ನು ನಿಲ್ಲಿಸಲು ಹೊರಟಾಗ ನೋಡುಗರ ಸಿಟ್ಟು ಎಷ್ಟಿತ್ತೆಂದರೆ, ಕಸ ಹೀರುವ ಯಂತ್ರ ಮಾರುವ ಹೂವರ್ ಕಂಪನಿ ಆ ಚಾನೆಲ್‌ನಿಂದ ತನ್ನ ಜಾಹೀರಾತನ್ನೇ ಹಿಂತೆಗೆದುಕೊಂಡಿತು. ನಮ್ಮಲ್ಲಿ ಯಾವ ಮಸಾಲೆ ಪುಡಿಯ ಕಂಪನಿ ಚಿಕ್ಕವ್ವನ ಪರ ನಿಂತೀತು?

ಚೆನ್ನಾಗಿ ಮುಗಿಸಲು ನಮಗೂ ಬರುತ್ತದೆ ಅನ್ನುವುದಕ್ಕೆ ‘ಕನ್ನಡತಿ’ ಇದೆ. 2020ರ ಜನವರಿಯಿಂದ 2023ರ ಫೆಬ್ರವರಿವರೆಗೆ, ಮೂರೇ ವರ್ಷ. ಕನ್ನಡ ಟೀಚರ್ ಭುವಿಯಾಗಿ ರಂಜನಿ ರಾಘವನ್, ಹರ್ಷನಾಗಿ ಕಿರಣ್ ರಾಜ್, ಅಮ್ಮಮ್ಮ ರತ್ನಮಾಲಾ ಆಗಿ ಚಿತ್ಕಳಾ ಬಿರಾದಾರ್. ಕಂತಿನ ಕೊನೆಗೆ ‘ಸರಿಗನ್ನಡಂ ಗೆಲ್ಗೆ’ ಎಂದು ಒಂದು ಪದ ತಿದ್ದಿ ಹೋಗುತ್ತಿದ್ದರು; ಕಂಪ್ಲಿಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿರುವ ನನ್ನ ಗೆಳೆಯ ಅದನ್ನು ಬೆಳಿಗ್ಗೆ ಬೋರ್ಡಿಗೆ ಬರೆಯುತ್ತಿದ್ದ. ಮುಗಿಯುತ್ತದೆಂದು ಮೊದಲೇ ಸುದ್ದಿಯಾಯಿತು, ಬೇಡ ಬೇಡ ಎಂದು ಜನ ಗೋಗರೆದರು. ಅಮ್ಮಮ್ಮನ ಸಾವು ಕಥೆಯೊಳಗಿನಿಂದಲೇ ಬಂದ ಸಾವಾಗಿತ್ತು, ನಟಿ ಬಿಟ್ಟದ್ದಕ್ಕೆ ಬಂದದ್ದಲ್ಲ. ಆ ವಾರ ಚಿಕ್ಕವ್ವ ಎರಡು ದಿನ ರೊಟ್ಟಿ ಬಡಿಯಲಿಲ್ಲ. ಅದನ್ನೂ ಆಕೆ ದೂರಾಗಿ ಹೇಳಲಿಲ್ಲ, ಹೆಮ್ಮೆಯಿಂದ ಹೇಳಿದಳು. ಆ ಧಾರಾವಾಹಿಯಲ್ಲೂ ಸಾನಿಯಾಳ ಕುತಂತ್ರ ಅತಿಯಾಗಿತ್ತು, ಕೆಲವು ತಿಂಗಳು ಕಥೆ ಒಂದೇ ಕಡೆ ತಿರುಗಿತು. ಆದರೂ ಬಾಕಿ ಬಹುಪಾಲು ತೀರಿಸಿ ಎದ್ದರು.

ಚಾನೆಲ್‌ನವರಲ್ಲಿ ಕೇಳುವುದು ಒಂದೇ. ಧಾರಾವಾಹಿ ನಡೆಸುವುದು, ನಿಲ್ಲಿಸುವುದು ನಿಮ್ಮ ಇಷ್ಟ, ನಿಮ್ಮ ದುಡ್ಡು. ನಿಲ್ಲಿಸುವ ತಿಂಗಳು ಮೊದಲು ಪರದೆಯ ಕೆಳಗೆ ಒಂದು ಸಾಲು ಓಡಿಸಿ, ಇಂಥ ದಿನ ಮುಕ್ತಾಯ ಎಂದು. ಬರೆಯುವವರಿಗೂ ಅಷ್ಟೇ ದಿನ ಕೊಡಿ. ಎಮ್ಮಿಗನೂರಿನಲ್ಲಿ ಒಬ್ಬಾಕೆ ಅವತ್ತು ಆರಕ್ಕೇ ಅಡಿಗೆ ಮುಗಿಸಿ, ಬೆರಳು ಮಡಚಿ ಕೂತಿರುತ್ತಾಳೆ.