ಎಷ್ಟು ಎತ್ತರ ಅಂತ ಕೇಳೋದು ಬಿಡೋಣ

ಓಹಾಯೋದ ಕೊಲಂಬಸ್‌ನಲ್ಲಿ ಆನ್‌ಸೈಟ್ ಇದ್ದಾಗ ಜೊತೆಗಿದ್ದ ನಾವು ಐದಾರು ಜನ ಈಗಲೂ ವರ್ಷಕ್ಕೊಮ್ಮೆ ಬೆಂಗಳೂರಲ್ಲಿ ಸೇರುತ್ತೇವೆ. ಅಪ್ರೈಸಲ್ಲು, ಸೈಟಿನ ರೇಟು, ಮಕ್ಕಳ ಸ್ಕೂಲ್ ಫೀಸು ಎಲ್ಲ ಮುಗಿದ ಮೇಲೆ ಮಾತು ಬಂದು ನಿಲ್ಲೋದು ಒಂದೇ ಜಾಗಕ್ಕೆ. ಸೀಡರ್ ಪಾಯಿಂಟ್‌ನವರು ಮುಂದಿನ ದೊಡ್ಡ ರೋಲರ್ ಕೋಸ್ಟರ್ ಯಾವುದು ಕಟ್ತಾರೆ? ಒಬ್ಬ "500 ಅಡಿ ಗ್ಯಾರಂಟಿ ಗುರೂ" ಅಂತಾನೆ. ಇನ್ನೊಬ್ಬ "ಸೌದಿಯವರು 600 ದಾಟಿ ಆಯ್ತು, ಇವರು ಸುಮ್ನೆ ಕೂರ್ತಾರಾ" ಅಂತಾನೆ. ಈ ಸಲ ನಾನು ಇಬ್ಬರ ಜೊತೆಗೂ ಜಗಳ ಆಡಿದೆ. ಆ ಜಗಳವನ್ನೇ ಇಲ್ಲಿ ಸ್ವಲ್ಪ ಸಮಾಧಾನವಾಗಿ ಬರೆಯುತ್ತಿದ್ದೇನೆ.

ನೋಡದವರಿಗೆ ಎರಡು ಮಾತು. ಸೀಡರ್ ಪಾಯಿಂಟ್ ಇರೋದು ಸ್ಯಾಂಡಸ್ಕಿ ಅನ್ನುವ ಸಣ್ಣ ಊರಿನ ಪಕ್ಕ, ಈರಿ ಸರೋವರದೊಳಕ್ಕೆ ಚಾಚಿಕೊಂಡ ಒಂದು ನಾಲಿಗೆಯಂಥ ನೆಲದ ಮೇಲೆ. 1870ರಲ್ಲಿ ಶುರುವಾದ ವಿಹಾರದ ಜಾಗ. ಕೊಲಂಬಸ್‌ನಿಂದ ಕಾರಿನಲ್ಲಿ ಎರಡು ತಾಸು. ಮೇ ತಿಂಗಳಿಂದ ಅಕ್ಟೋಬರ್ ತನಕ ತೆರೆದಿರುತ್ತೆ, ಆಮೇಲೆ ಹಿಮ. ಹತ್ತಿರ ಬರುತ್ತಿದ್ದ ಹಾಗೆ ನೀರಿನ ಆಚೆ ಬೆಟ್ಟದ ಸಾಲಿನಂತೆ ಹಳಿಗಳು ಕಾಣಿಸುತ್ತವೆ. ಮೊದಲ ಸಲ ನೋಡಿದಾಗ ಕಾರಲ್ಲಿದ್ದ ಎಲ್ಲರೂ ಮಾತು ನಿಲ್ಲಿಸಿದ್ದೆವು.

ಈ ಪಾರ್ಕಿನ ಚರಿತ್ರೆಯನ್ನ ಎತ್ತರದ ಚರಿತ್ರೆ ಅಂತ ಓದೋದು ಸುಲಭ. 1989ರಲ್ಲಿ ಮ್ಯಾಗ್ನಮ್ ಬಂತು, 205 ಅಡಿ. ಪೂರ್ತಿ ಸುತ್ತು ಹಾಕಿ ವಾಪಸ್ ಬರುವ ಕೋಸ್ಟರ್‌ಗಳಲ್ಲಿ 200 ಅಡಿ ದಾಟಿದ್ದು ಅದೇ ಮೊದಲು. 2000ದಲ್ಲಿ ಮಿಲೆನಿಯಮ್ ಫೋರ್ಸ್, 310 ಅಡಿ. ಮೂರೇ ವರ್ಷಕ್ಕೆ, 2003ರಲ್ಲಿ, ಟಾಪ್ ಥ್ರಿಲ್ ಡ್ರ್ಯಾಗ್‌ಸ್ಟರ್, 420 ಅಡಿ. 200, 300, 400. ಇದನ್ನ ನೋಡಿದ ಯಾವನಿಗಾದರೂ ಮುಂದಿನ ಸಂಖ್ಯೆ ಊಹಿಸೋಣ ಅನಿಸುತ್ತೆ. ಪರೀಕ್ಷೆಯಲ್ಲಿ "ಮುಂದಿನ ಪದ ಬರೆಯಿರಿ" ಅಂತ ಕೇಳ್ತಾರಲ್ಲ, ಹಾಗೆ.

ತಪ್ಪು ಅಲ್ಲೇ ಇರೋದು. ಸ್ವಲ್ಪ ಲೆಕ್ಕ ಮಾಡೋಣ, ಬಿ.ಇ. ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ. ಮೇಲಿಂದ ಬೀಳುವ ಗಾಡಿಯ ವೇಗದ ವರ್ಗ ಅದು ಬಿದ್ದ ಎತ್ತರಕ್ಕೆ ಅನುಪಾತದಲ್ಲಿರುತ್ತೆ. ಅಂದ್ರೆ ವೇಗ ಎರಡು ಪಟ್ಟಾಗಬೇಕು ಅಂದ್ರೆ ಎತ್ತರ ನಾಲ್ಕು ಪಟ್ಟಾಗಬೇಕು. ಇದಕ್ಕೆ ಉದಾಹರಣೆ ಇದೇ ಪಾರ್ಕಿನಲ್ಲಿದೆ. ಬ್ಲೂ ಸ್ಟ್ರೀಕ್ ಅಂತ 1964ರ ಒಂದು ಮರದ ಕೋಸ್ಟರ್ ಇದೆ. ಎತ್ತರ 78 ಅಡಿ, ವೇಗ ಗಂಟೆಗೆ ಸುಮಾರು 64 ಕಿ.ಮೀ. ಮಿಲೆನಿಯಮ್ ಫೋರ್ಸ್ ಅದರ ನಾಲ್ಕು ಪಟ್ಟು ಎತ್ತರ. ವೇಗ 150 ಕಿ.ಮೀ., ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಎತ್ತರ ಏರಿದಂತೆ ಉಕ್ಕು, ಅಡಿಪಾಯ, ಖರ್ಚು ಏರುತ್ತೆ. ಸರೋವರದ ಗಾಳಿ ಜೋರಾದ ದಿನ ಎತ್ತರದ ರೈಡುಗಳೇ ಮೊದಲು ನಿಲ್ಲೋದು. ನಮಗೆ ಸಿಗೋದು ಮಾತ್ರ ವರ್ಗಮೂಲ.

ಇನ್ನೊಂದು ವಿಷಯ. ಶರೀರಕ್ಕೆ ವೇಗ ಗೊತ್ತೇ ಆಗೋದಿಲ್ಲ. ವಿಮಾನದಲ್ಲಿ 800 ಕಿ.ಮೀ. ವೇಗದಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತೇವೆ. ಶರೀರಕ್ಕೆ ಗೊತ್ತಾಗೋದು ವೇಗದ ಬದಲಾವಣೆ. ಹಳಿ ದಿಣ್ಣೆ ಹತ್ತಿ ಕೆಳಕ್ಕೆ ತಿರುಗುತ್ತೆ, ನಾವು ಮಾತ್ರ ಇನ್ನೂ ಮೇಲಕ್ಕೇ ಹೋಗ್ತಾ ಇರ್ತೇವೆ. ಸೀಟು ಬಿಟ್ಟು ಎದ್ದು ತೊಡೆ ಬಂದು ಕಂಬಿಗೆ ತಾಗುತ್ತೆ. ಏರ್‌ಟೈಮ್ ಅಂತಾರೆ ಅದನ್ನ. ಹೊಟ್ಟೆಯೊಳಗೆ ಏನೋ ಖಾಲಿಯಾದ ಹಾಗೆ ಆಗುತ್ತಲ್ಲ, ಅದಕ್ಕೇ ಜನ ಗಂಟೆಗಟ್ಟಲೆ ಸಾಲಲ್ಲಿ ನಿಲ್ಲೋದು.

ಈ ಅಳತೆಗೋಲು ಹಿಡಿದು ನೋಡಿದರೆ ಪಟ್ಟಿಯೇ ಬದಲಾಗುತ್ತೆ. ಮಿಲೆನಿಯಮ್ ಫೋರ್ಸ್‌ನ ಮೊದಲ ಏರು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಕೇಬಲ್ ನಮ್ಮನ್ನ ಸರ್ರನೆ ಎಳೆದುಕೊಂಡು ಹೋಗುತ್ತೆ, ಪಕ್ಕದಲ್ಲಿ ಈರಿ ಸರೋವರ ಕಾಣ್ತಾ ಕಾಣ್ತಾ ಸಮುದ್ರದಷ್ಟಾಗುತ್ತೆ, ಆಮೇಲೆ 300 ಅಡಿ ಪತನ. ಆದರೆ ಉಳಿದದ್ದು ಬರೀ ಓಟ. ದೊಡ್ಡ ದೊಡ್ಡ ತಿರುವುಗಳು, ನುಣ್ಣಗಿನ ಹಳಿ. ಮಧ್ಯಂತರಕ್ಕೆ ಮೊದಲೇ ಕ್ಲೈಮ್ಯಾಕ್ಸ್ ಮುಗಿಸಿದ ಸಿನಿಮಾ ಇದ್ದ ಹಾಗೆ. ಡ್ರ್ಯಾಗ್‌ಸ್ಟರ್ ಕತೆ ಇನ್ನೂ ಚಿಕ್ಕದು: ಗಂಟೆಗೆ 193 ಕಿ.ಮೀ., ಮೇಲೆ, ಕೆಳಗೆ, ಒಟ್ಟು 17 ಸೆಕೆಂಡು. ಎತ್ತರದ ಪಟ್ಟ ಉಳಿದದ್ದು ಎರಡೇ ವರ್ಷ. 2005ರಲ್ಲಿ ನ್ಯೂಜೆರ್ಸಿಯ ಕಿಂಗ್ಡಾ ಕಾ 456 ಅಡಿ ಎದ್ದು ನಿಂತಿತು. ಆ ಕಿಂಗ್ಡಾ ಕಾವನ್ನೂ 2025ರ ಫೆಬ್ರವರಿಯಲ್ಲಿ ಸ್ಫೋಟಕ ಇಟ್ಟು ಉರುಳಿಸಿದರು. ಈಗ ಸೌದಿಯ ಕಿದ್ದಿಯಾದ ಫಾಲ್ಕನ್ಸ್ ಫ್ಲೈಟ್ ಸುಮಾರು 195 ಮೀಟರ್, ಗಂಟೆಗೆ 250 ಕಿ.ಮೀ. ಅದಕ್ಕೂ ಒಬ್ಬ ಅಣ್ಣ ಹುಟ್ಟಿ ಬರ್ತಾನೆ ಬಿಡಿ.

ಇದೇ ಪಾರ್ಕಿನ ಇನ್ನೊಂದು ಮೂಲೆಗೆ ಬನ್ನಿ. 1991ರಲ್ಲಿ ಮೀನ್ ಸ್ಟ್ರೀಕ್ ಅಂತ ಒಂದು ದೈತ್ಯ ಮರದ ಕೋಸ್ಟರ್ ಕಟ್ಟಿದ್ದರು. ವರ್ಷ ಕಳೆದಂತೆ ಒರಟಾಗುತ್ತಾ ಹೋಯಿತು. 2016ರಲ್ಲಿ ನಿಲ್ಲಿಸಿದರು. ಕಿತ್ತು ಹಾಕಲಿಲ್ಲ, ಮರದ ಚೌಕಟ್ಟಿನ ಬಹುಭಾಗ ಉಳಿಸಿಕೊಂಡು ಮೇಲೆ ಉಕ್ಕಿನ ಹೊಸ ಹಳಿ ಹಾಕಿದರು. 2018ರಲ್ಲಿ ಸ್ಟೀಲ್ ವೆಂಜೆನ್ಸ್ ಆಗಿ ತೆರೆಯಿತು. ಇದರ ಎತ್ತರ ಎಷ್ಟು ಗೊತ್ತಾ? 205 ಅಡಿ. 1989ರ ಮ್ಯಾಗ್ನಮ್ಮಿನದೂ ಅಷ್ಟೇ. 29 ವರ್ಷದಲ್ಲಿ ಎತ್ತರ ಒಂದಡಿ ಜಾಸ್ತಿ ಆಗಿಲ್ಲ, ವೇಗವೂ ಹೆಚ್ಚುಕಡಿಮೆ ಅದೇ. ಆದರೆ ಇದು ನಾಲ್ಕು ಸಲ ತಲೆಕೆಳಗೆ ಮಾಡುತ್ತೆ, ತನ್ನದೇ ಮರದ ಕಾಡಿನೊಳಗೆ ನುಗ್ಗಿ ಹೊರಬರುತ್ತೆ, ಒಟ್ಟು 27 ಸೆಕೆಂಡು ನಮ್ಮನ್ನ ಸೀಟಿನಿಂದ ಎಬ್ಬಿಸಿ ಇಟ್ಟಿರುತ್ತೆ. ಡ್ರ್ಯಾಗ್‌ಸ್ಟರ್‌ನ ಇಡೀ ಸವಾರಿಗಿಂತ ಇದರ ಏರ್‌ಟೈಮೇ ಹತ್ತು ಸೆಕೆಂಡು ಜಾಸ್ತಿ. ಸಾಫ್ಟ್‌ವೇರ್‌ನವರಿಗೆ ಒಂದೇ ಮಾತಲ್ಲಿ ಹೇಳೋದಾದರೆ, ಹಳೇ ಕೋಡನ್ನ ಓದಿ ಅರ್ಥ ಮಾಡಿಕೊಂಡು ರಿಫ್ಯಾಕ್ಟರ್ ಮಾಡಿದ ಕೆಲಸ ಇದು.

ಡ್ರ್ಯಾಗ್‌ಸ್ಟರನ್ನೂ ರಿಪೇರಿ ಮಾಡಿದರು. 2021ರ ಆಗಸ್ಟ್‌ನಲ್ಲಿ ಅದರ ಗಾಡಿಯಿಂದ ಕಳಚಿದ ಲೋಹದ ತುಂಡು ಸಾಲಲ್ಲಿ ನಿಂತಿದ್ದ ಒಬ್ಬ ಮಹಿಳೆಗೆ ಬಡಿದು ತೀವ್ರ ಗಾಯವಾಯಿತು. ರೈಡ್ ನಿಂತಿತು. ಹೈಡ್ರಾಲಿಕ್ ಬದಲು ವಿದ್ಯುತ್ಕಾಂತದ ಲಾಂಚ್, ಹಿಂದುಗಡೆ ಇನ್ನೊಂದು 420 ಅಡಿಯ ಗೋಪುರ ಎಲ್ಲ ಸೇರಿಸಿ 2024ರ ಮೇನಲ್ಲಿ ಟಾಪ್ ಥ್ರಿಲ್ 2 ಅಂತ ತೆರೆದರು. ಸುಮಾರು ಒಂದು ವಾರಕ್ಕೆ ಗಾಡಿಗಳ ತೊಂದರೆಯಿಂದ ಮುಚ್ಚಿತು, ಮತ್ತೆ ಜನರನ್ನ ಹತ್ತಿಸಿಕೊಂಡಿದ್ದು 2025ರಲ್ಲಿ. ಇದನ್ನ ನಗುವುದಕ್ಕೆ ಬರೆಯುತ್ತಿಲ್ಲ. ರಿಲೀಸ್ ರಾತ್ರಿ ರೋಲ್‌ಬ್ಯಾಕ್ ಮಾಡಿದವನಿಗೆ ಆ ಎಂಜಿನಿಯರ್‌ಗಳ ಹೊಟ್ಟೆ ಸಂಕಟ ಗೊತ್ತು. ಹೇಳೋದಿಷ್ಟೇ: ತುತ್ತತುದಿಯಲ್ಲಿ ಕೆಲಸ ಮಾಡುವ ಯಂತ್ರಕ್ಕೆ ಸಣ್ಣ ತಪ್ಪು ಅನ್ನೋದೇ ಇರೋದಿಲ್ಲ.

ಇದೇ ಪಾರ್ಕು ಹಿಂದೊಮ್ಮೆ ಸರಿಯಾದ ಪಾಠ ಕಲಿತಿತ್ತು. 2007ರಲ್ಲಿ ಮ್ಯಾವರಿಕ್ ತೆರೆಯುವ ಮೊದಲು ಪರೀಕ್ಷೆ ಮಾಡುವಾಗ ಅದರ ಒಂದು ಉರುಳು ಗಾಡಿಗೂ ಸವಾರರಿಗೂ ಅತಿಯಾಯ್ತು ಅಂತ ಕಂಡಿತು. ಕಟ್ಟಿ ನಿಲ್ಲಿಸಿದ ಹಳಿಯ ತುಂಡನ್ನೇ ತೆಗೆದು ಬೇರೆ ಹಾಕಿದರು, ತೆರೆಯುವ ದಿನವನ್ನ ಎರಡು ವಾರ ಮುಂದಕ್ಕೆ ಹಾಕಿದರು. ಎತ್ತರ ಬರೀ 105 ಅಡಿ. ಇವತ್ತಿಗೂ ಅಲ್ಲಿಗೆ ಹೋದವರು ಬಿಡದೆ ಹತ್ತುವ ರೈಡ್ ಅದು.

ಇನ್ನು ಅಪ್ಪಯ್ಯನ ವಿಷಯ ಹೇಳಬೇಕು. ನಮ್ಮದು ಮೇಗರವಳ್ಳಿ ಕಡೆ, ತೀರ್ಥಹಳ್ಳಿ ತಾಲ್ಲೂಕು, ಅಡಿಕೆ ತೋಟ. ಅಪ್ಪಯ್ಯ, ಅಮ್ಮ ಓಹಾಯೋಗೆ ಬಂದಾಗ ಒಂದು ದಿನ ಸೀಡರ್ ಪಾಯಿಂಟ್‌ಗೆ ಕರೆದುಕೊಂಡು ಹೋದೆ. ಮಿಲೆನಿಯಮ್ ಫೋರ್ಸ್ ತೋರಿಸಿ, "ಅಪ್ಪಯ್ಯ, 310 ಅಡಿ, ಅಡಿಕೆ ಮರ ಐದು ಜೋಡಿಸಿದಷ್ಟು" ಅಂದೆ. ಬೆರಗಾಗ್ತಾರೆ ಅಂದುಕೊಂಡಿದ್ದೆ. ಅವರು ತಲೆಯೆತ್ತಿ ನೋಡಿ, "ಎತ್ತರ ಇದ್ರೆ ಎಂತಾತು ಮಾರಾಯ? ಕೊನೆ ತೆಗಿಯೋರು ಎತ್ತರಕ್ಕೆ ಹೆದರದಿಲ್ಲ. ಒಂದು ಮರದಿಂದ ಇನ್ನೊಂದಕ್ಕೆ ಜೋಲಿ ಹೊಡಿತಾರಲ, ಆಗ ಎದೆ ಝಲ್ ಅನ್ನದು" ಅಂದರು. ನಾನು ನಾಲ್ಕು ಸೆಮಿಸ್ಟರ್ ಗಣಿತ ಓದಿ ಹೇಳಿದ್ದನ್ನ ಅವರು ತೋಟದಲ್ಲಿ ನಿಂತು ತಿಳಿದುಕೊಂಡಿದ್ದರು.

ಅವರು ಹತ್ತಿದ್ದು ಬ್ಲೂ ಸ್ಟ್ರೀಕ್ ಒಂದನ್ನೇ. ಅರವತ್ತರ ದಶಕದ ಮರದ ಚೌಕಟ್ಟು, ಊರಿನ ಹೈಸ್ಕೂಲ್ ತಂಡದ ಹೆಸರು ಇಟ್ಟುಕೊಂಡ ಸಾದಾ ಕೋಸ್ಟರ್. ಹೋಗಿ ಬರುವ ದಾರಿ ತುಂಬ ಸಾಲು ದಿಣ್ಣೆಗಳು, ಒಂದು ಮುಕ್ಕಾಲು ನಿಮಿಷ. ಕಟಕಟ ಸದ್ದು, ಪ್ರತಿ ದಿಣ್ಣೆಗೂ ಸೀಟಿಂದ ಎಗರೋದು. ಕೆಳಗೆ ಇಳಿದಾಗ ಅಪ್ಪಯ್ಯನ ಕಣ್ಣಲ್ಲಿ ನೀರು, ನಗು ನಿಲ್ತಿಲ್ಲ. "ಆಗುಂಬೆ ಘಾಟಿ ಮಿನಿ ಬಸ್ಸಲ್ಲಿ ಲಾಸ್ಟ್ ಸೀಟಲ್ಲಿ ಕೂತಂಗೆ ಆತಲ!" ಇನ್ನೊಂದು ಸಲ ಹೋಗೋಣ ಅಂದವರು ಅವರೇ. ಅಮ್ಮ "ವಯಸ್ಸಾತು ನಿಮಗೆ" ಅಂತ ಬೈದರೂ ಕೇಳಲಿಲ್ಲ. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ನನ್ನನ್ನ ತೊಟ್ಟಿಲಲ್ಲಿ ಕೂರಿಸಿ ತಾವು ಕೆಳಗೇ ನಿಂತಿರುತ್ತಿದ್ದವರು ಅವರು. ನಾವಿಬ್ಬರೂ ಒಂದೇ ಸೀಟಲ್ಲಿ ಒಟ್ಟಿಗೆ ಹೆದರಿದ್ದು ಅದೇ ಮೊದಲು.

ಹಾಗಾದರೆ ಮುಂದಿನದು ಯಾವುದು? ಊಹೆಗೂ ಸ್ವಲ್ಪ ಆಧಾರ ಬೇಕು. ಒಂದು, ಜಾಗ. ಮೂರು ಕಡೆ ನೀರು. ಹೊಸದು ಬರಬೇಕಾದರೆ ಹಳೆಯದು ಯಾವುದೋ ಜರುಗಬೇಕು ಇಲ್ಲವೇ ಬದಲಾಗಬೇಕು. ಎರಡು, ಅಭ್ಯಾಸ. 2015ರಲ್ಲಿ ನಿಂತು ಸವಾರಿ ಮಾಡುವ ಮ್ಯಾಂಟಿಸ್‌ಗೆ ಬೇರೆ ಗಾಡಿ ಹಾಕಿ ರೂಗರೂ ಅಂತ ಕರೆದರು. 2018ರಲ್ಲಿ ಸ್ಟೀಲ್ ವೆಂಜೆನ್ಸ್. 2024ರಲ್ಲಿ ಟಾಪ್ ಥ್ರಿಲ್ 2. ಮೂರೂ ಹಳೆಯದರ ಮರುಜನ್ಮ. 2025ರ ಹೊಸ ಕೋಸ್ಟರ್ ಸೈರನ್ಸ್ ಕರ್ಸ್ 160 ಅಡಿ ಮಾತ್ರ. ಅದರ ಬಂಡವಾಳ ಎತ್ತರವಲ್ಲ, ಮೇಲೆ ಹಳಿ ತುಂಡಾಗಿ ನಿಂತು, ಗಾಡಿಯ ಸಮೇತ ಕೆಳಮುಖವಾಗಿ ವಾಲಿ ಮುಂದಿನ ಹಳಿಗೆ ಕೂಡಿಕೊಳ್ಳುವ ಆ ಕ್ಷಣ. ಮೂರು, ದುಡ್ಡು. 2024ರ ಜುಲೈನಲ್ಲಿ ಸೀಡರ್ ಫೇರ್ ಮತ್ತು ಸಿಕ್ಸ್ ಫ್ಲ್ಯಾಗ್ಸ್ ಒಂದಾದವು. ಈಗ ಒಂದೇ ತಿಜೋರಿ, ಕೈ ಚಾಚುವ ಪಾರ್ಕುಗಳು ಹಲವು.

ಈ ಮೂರನ್ನೂ ಕೂಡಿಸಿದರೆ 500 ಅಡಿ ಬರುವ ಲಕ್ಷಣ ನನಗೆ ಕಾಣುವುದಿಲ್ಲ. ಬಂದರೂ ಗುಟ್ಟಾಗಿ ಬರಲ್ಲ. ಅಮೆರಿಕದಲ್ಲಿ 200 ಅಡಿ ಮೀರಿದ್ದನ್ನ ಕಟ್ಟುವ ಮೊದಲು ವಿಮಾನಯಾನ ಇಲಾಖೆಗೆ ತಿಳಿಸಬೇಕು. 1976ರ ಕಾರ್ಕ್‌ಸ್ಕ್ರೂ, 1978ರ ಜೆಮಿನಿ, 1987ರ ಐರನ್ ಡ್ರ್ಯಾಗನ್, ಈ ಮೂರರಲ್ಲಿ ಒಂದರ ಜಾಗದಲ್ಲೋ ಚೌಕಟ್ಟಿನಲ್ಲೋ ಮುಂದಿನದು ಹುಟ್ಟುತ್ತೆ ಅನ್ನೋದು ನನ್ನ ಊಹೆ.

ಊಹೆ ಬೇರೆ, ಆಸೆ ಬೇರೆ. ಮೀನ್ ಸ್ಟ್ರೀಕ್ ಹೋದ ಮೇಲೆ ಇಡೀ ಪಾರ್ಕಿನಲ್ಲಿ ಮರದ ಹಳಿಯ ಕೋಸ್ಟರ್ ಉಳಿದಿರೋದು ಬ್ಲೂ ಸ್ಟ್ರೀಕ್ ಒಂದೇ. ನೂರು ಅಡಿಯ ಆಸುಪಾಸಿನ, ಸಾಲುಸಾಲು ದಿಣ್ಣೆಗಳ ಹೊಸ ಮರದ ಕೋಸ್ಟರ್ ಒಂದು ಬಂದರೆ? ಹೆದ್ದಾರಿ ಪಕ್ಕದ ಬೋರ್ಡಿನಲ್ಲಿ ಹಾಕೋಕೆ ಅದರಲ್ಲಿ ದೊಡ್ಡ ಸಂಖ್ಯೆ ಇರೋದಿಲ್ಲ. ಅದಕ್ಕೇ ಕಟ್ಟಲಿಕ್ಕಿಲ್ಲ ಅನ್ನುವ ಹೆದರಿಕೆ ನನಗೆ. ಸಂಖ್ಯೆ ಕೇಳುವವರು ನಾವೇ ಅಲ್ವಾ? ಆಫೀಸಿನಲ್ಲೂ ಹಾಗೇ, ಇದ್ದ ಮಾಡ್ಯೂಲನ್ನ ಸರಿಪಡಿಸಿದವನ ಹೆಸರು ಸ್ಲೈಡಿನಲ್ಲಿ ಬರೋದು ಅಪರೂಪ. ನಾನೂ ಆ ಸ್ಲೈಡ್ ಮಾಡಿದವನೇ.

ಅಪ್ಪಯ್ಯ ಊರಿಂದ ಫೋನ್ ಮಾಡಿದಾಗ ಈಗಲೂ ಒಮ್ಮೊಮ್ಮೆ ಕೇಳ್ತಾರೆ, "ಆ ಮರದ್ದು ಇದೆಯನಾ ಇನ್ನೂ?" ಇದೆ ಅಂತೀನಿ. ಗೆಳೆಯರ ಜೊತೆ ಬಾಜಿ ಕಟ್ಟಿಯೂ ಆಗಿದೆ. 500 ಅಡಿ ಬಂದರೆ ನಾನು ವಿದ್ಯಾರ್ಥಿ ಭವನದಲ್ಲಿ ಎಲ್ಲರಿಗೂ ದೋಸೆ ಕೊಡಿಸಬೇಕು. ಮರದ್ದು ಬಂದರೆ ಅವರು ನನಗೆ ಮಾತ್ರ ಕೊಡಿಸಿದರೆ ಸಾಲದು, ಅಪ್ಪಯ್ಯನಿಗೂ ಕೊಡಿಸಬೇಕು.